ಕಪ್ಪು ಕಲ್ಲು ದಾಟದ ಯಂತ್ರ

ಮನೆಗೆಲಸಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಕೇಶವಪ್ರಸಾದ ಮಾಸ್ಟ್ರು ಬೆಳ್ತಂಗಡಿಯ ಮಹಿಳಾ ದಿನಾಚರಣೆಯಲ್ಲಿ ಹೇಳಿದ ಮಾತಿಗೆ ಜೋರು ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನು ನಂಬಿಕೊಂಡು ಮಾಸ್ಟ್ರು ಇನ್ನೂ ಅರ್ಧ ಗಂಟೆ ಮಾತಾಡಿದರು. ಅವರ ಗ್ರಹಚಾರಕ್ಕೆ, ಎದುರಿನ ಸಾಲಿನಲ್ಲಿ ಅವರ ಹೆಂಡತಿ ಪರಮೇಶ್ವರಿಯಮ್ಮ ಕೂತಿದ್ದರು, ಮತ್ತು ನಿದ್ದೆ ಮಾಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗುರುವಾಯನಕೆರೆಯ ಮನೆಯ ಜಗಲಿಯಲ್ಲಿ ಮಾಸ್ಟ್ರು ಪೇಪರಿನ ಮಡಿಕೆ ಬಿಡಿಸುತ್ತಿರುವಾಗ ಒಂದು ಬಾಲ್ದಿ ನೀರು ಅವರ ಕಾಲಬುಡಕ್ಕೆ ಬಂದು ಕೂತಿತು. ಬಾಲ್ದಿಯ ಅಂಚಿನಲ್ಲಿ ಒರೆಸುವ ಬಟ್ಟೆ.

“ಎಂತ ಇದು?”

“ಭೇದ ಇಲ್ಲದ ಕೆಲಸ,” ಎಂದರು ಪರಮೇಶ್ವರಿಯಮ್ಮ. “ನನಗೆ ಸೊಂಟ ಬಗ್ಗಿಸಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ನಿಮಗೆ ಯಾರೂ ಹೇಳಲಿಲ್ಲವಲ್ಲ.”

ಮಾಸ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಕೊಟ್ಟ ಮಾತು ಎಂಬುದು ಬಿಟ್ಟ ಕಲ್ಲಿನ ಹಾಗೆ, ನೆಲಕ್ಕೇ ಬಂದು ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಒರೆಸಿದರು. ಮುಂದಕ್ಕೆ ಒರೆಸುತ್ತಾ ಹೋಗಿ, ಒದ್ದೆ ನೆಲದ ಮೇಲೆಯೇ ಹಿಂದಕ್ಕೆ ನಡೆದು ಬಂದು, ತಮ್ಮ ಹೆಜ್ಜೆಗಳನ್ನು ತಾವೇ ಮತ್ತೆ ಒರೆಸಿದರು. ಕೋಲು ಕಟ್ಟಿದ ಮೊಪ್ಪು ತರುವ ಎಂದು ಸೂಚಿಸಿ ನೋಡಿದರು. “ಅದು ನೆಲ ಒರೆಸುವುದಿಲ್ಲ, ನೆಲಕ್ಕೆ ಸಮಾಧಾನ ಹೇಳುತ್ತದೆ ಅಷ್ಟೆ” ಎಂದು ಪರಮೇಶ್ವರಿಯಮ್ಮನ ತೀರ್ಪಾಯಿತು. ಒಂದು ವಾರದಲ್ಲಿ ಮಾಸ್ಟ್ರಿಗೆ ಪ್ರಪಂಚದ ಸುದ್ದಿ ಎಲ್ಲ ಮಧ್ಯಾಹ್ನದ ನಂತರ ತಿಳಿಯುವ ಹಾಗಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ರುಕ್ಮಯ್ಯ ಬಂದು ಪೇಪರು ಓದಿ, ಹಾಳೆಗಳನ್ನು ಚೆಲ್ಲಾಪಿಲ್ಲಿ ಮಾಡಿ ಹೋಗಿರುತ್ತಿದ್ದರು.

ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಚೈತನ್ಯಾ ಅಪ್ಪನ ಮೇಲೆ ಕನಿಕರಪಟ್ಟು ಫೋನಿನಲ್ಲೇ ಒಂದು ನೆಲ ಒರೆಸುವ ರೋಬೋಟು ತರಿಸಿಕೊಟ್ಟಳು. ದುಂಡಗೆ, ಬಿಳಿ, ರೊಟ್ಟಿಯ ಕಾವಲಿಯಷ್ಟು ಅಗಲ. ಹೊಟ್ಟೆಯಲ್ಲಿ ನೀರು, ಹಿಂಬದಿಗೆ ಬಟ್ಟೆ.

ಪರಮೇಶ್ವರಿಯಮ್ಮ ಅದಕ್ಕೆ ಒಂದು ಸುತ್ತು ಬಂದು ನೋಡಿದರು. “ಯಾರು ಒರೆಸಿದರೂ ನನಗೆ ಅಡ್ಡಿಯಿಲ್ಲ. ಆದರೆ ಮನೆ ಇಡೀ ಒರೆಸಬೇಕು. ಒಂದು ಕೋಣೆ ಬಾಕಿ ಮಾಡಿತೋ, ಅದು ಪೆಟ್ಟಿಗೆಗೆ, ಬಟ್ಟೆ ನಿಮ್ಮ ಕೈಗೆ. ಮತ್ತೆ ಮಾತಿಲ್ಲ.”

“ಅದು ಬಾಕಿ ಮಾಡುವ ಜಾತಿಯದ್ದಲ್ಲ,” ಎಂದರು ಮಾಸ್ಟ್ರು, ತಾವೇ ಹೆತ್ತವರ ಹಾಗೆ.

ಯಂತ್ರ ಕೆಲಸ ಮಾಡುತ್ತಿತ್ತು, ಸುಳ್ಳು ಹೇಳಬಾರದು. ಧೂಳು ಹೋಗುತ್ತಿತ್ತು, ನೆಲಕ್ಕೆ ಹೊಳಪು ಬರುತ್ತಿತ್ತು. ಆದರೆ ಒಣಗಿದ ಸಾಂಬಾರಿನ ಕಲೆ ಸಿಕ್ಕಿದರೆ ಅದನ್ನು ನಾಲ್ಕು ಸಲ ಪ್ರೀತಿಯಿಂದ ಸವರಿ, ಬಿಟ್ಟು ಮುಂದೆ ಹೋಗುತ್ತಿತ್ತು. ಅಂಥ ಕಲೆಗಳನ್ನು ಮಾಸ್ಟ್ರು ಹಿಂದಿನಿಂದ ಹೋಗಿ ಉಗುರಿನಲ್ಲಿ ಕೆರೆಯುತ್ತಿದ್ದರು. ಅದು ದುಂಡಗೆ, ಮನೆಯ ಮೂಲೆಗಳು ಚೌಕ; ಹಾಗಾಗಿ ಮೂಲೆಗಳೂ ಮಾಸ್ಟ್ರಿಗೇ ಬಂದವು. ನೆಲದಲ್ಲಿ ಕಸವಿದ್ದರೆ ಒದ್ದೆ ಮಾಡಿ ಎಳೆದುಕೊಂಡು ಹೋಗುತ್ತದೆ ಎಂದು ಮೊದಲು ಗುಡಿಸಬೇಕು. ಕುರ್ಚಿಗಳನ್ನು ಮೇಜಿನ ಮೇಲೆ ಇಡಬೇಕು. ಕಾಲೊರೆಸು ಎತ್ತಬೇಕು, ಟೀವಿಯ ವಯರು ಎತ್ತಬೇಕು, ಇಲ್ಲದಿದ್ದರೆ ಅದನ್ನು ಕುತ್ತಿಗೆಗೆ ಸುತ್ತಿಕೊಂಡು ನಿಂತು, ತಾನು ಸಿಕ್ಕಿಹಾಕಿಕೊಂಡಿದ್ದೇನೆ, ದಯವಿಟ್ಟು ಸಹಾಯ ಮಾಡಿ ಎಂದು ಹೆಂಗಸಿನ ದನಿಯಲ್ಲಿ, ಇಂಗ್ಲಿಷಿನಲ್ಲಿ ಕೂಗುತ್ತಿತ್ತು.

“ಈ ಮನೆಯಲ್ಲಿ ಕಷ್ಟ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅದು ಒಂದೇ,” ಎನ್ನುತ್ತಿದ್ದರು ಪರಮೇಶ್ವರಿಯಮ್ಮ, ಅಡುಗೆಮನೆಯಿಂದ. “ಮತ್ತು ಹೇಳಿದ ಕೂಡಲೇ ಓಡಿ ಬರುವವರು ಇರುವುದೂ ಅದಕ್ಕೆ ಮಾತ್ರ.”

ಕೊನೆಗೆ ಅದರ ಬಟ್ಟೆ ಬಿಚ್ಚಿ ಒಗೆದು ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಮರುದಿನ ಮನೆ ಇಡೀ ಹಳೆಯ ಒದ್ದೆ ಕೊಡೆಯ ವಾಸನೆ. ಇಷ್ಟೆಲ್ಲ ಮಾಡಿ ಜಗಲಿಗೆ ಬಂದು ಕೂತು ಮಾಸ್ಟ್ರು ಏದುಸಿರು ಬಿಡುತ್ತಾ, “ಎಲ್ಲ ಅದೇ ಮಾಡುತ್ತದೆ ಮಾರಾಯ, ನನಗೆ ಕೈ ಹಾಕಲಿಕ್ಕೇ ಇಲ್ಲ” ಎಂದು ರುಕ್ಮಯ್ಯನಿಗೆ ಹೇಳುತ್ತಿದ್ದರು.

ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ಒಂದಿತ್ತು: ಯಂತ್ರ ಊಟದ ಕೋಣೆಗೆ ಕಾಲಿಡಲಿಲ್ಲ.

ಆ ಕೋಣೆಯ ಬಾಗಿಲಿನಲ್ಲಿ ನೆಲಕ್ಕೆ ಸಮನಾಗಿ ಒಂದು ಮೊಳ ಅಗಲದ ಕಪ್ಪು ಗ್ರಾನೈಟು ಇತ್ತು. ಅಡುಗೆಮನೆಯ ಕಟ್ಟೆಗೆ ತಂದು ಉಳಿದ ಕಲ್ಲನ್ನು ಎಸೆಯಲು ಮನಸ್ಸಾಗದೆ ಮೇಸ್ತ್ರಿ ಅಲ್ಲಿ ಕೂರಿಸಿದ್ದ. ಯಂತ್ರ ಉತ್ಸಾಹದಿಂದ ಅಲ್ಲಿಯವರೆಗೆ ಬರುತ್ತಿತ್ತು. ಕಲ್ಲಿನ ಅಂಚಿನಲ್ಲಿ ತಟ್ಟನೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸುತ್ತಿತ್ತು. ಮತ್ತೆ ಬೆನ್ನು ತೋರಿಸದೆ, ಹಿಂದಕ್ಕೆ ಹಿಂದಕ್ಕೆ ಸರಿದು ಹೋಗಿಬಿಡುತ್ತಿತ್ತು.

ಮಾಸ್ಟ್ರು ಗುಟ್ಟಿನಲ್ಲಿ ಮಗಳಿಗೆ ಫೋನು ಮಾಡಿದರು.

“ಅದರ ಹೊಟ್ಟೆಯಡಿಯಲ್ಲಿ ಕಣ್ಣು ಉಂಟು ಅಪ್ಪ. ಕೆಳಗೆ ಬೆಳಕು ಬಿಟ್ಟು, ತಿರುಗಿ ಬರ್ತದಾ ಅಂತ ನೋಡ್ತದೆ. ಕಪ್ಪು ಕಲ್ಲು ಬೆಳಕನ್ನು ನುಂಗ್ತದಲ್ಲ, ಅದಕ್ಕೆ ಅಲ್ಲಿ ಹೊಂಡ ಉಂಟು ಅಂತ ಹೆದರಿಕೆ. ಅಮ್ಮನಿಗೆ ಹೇಳಿ, ಬೇಕಾದರೆ ಕಲ್ಲು ಬದಲಿಸುವ.”

ಅಮ್ಮನಿಗೆ ಹೇಳುವುದೇ! ಹೇಳಿದರೆ ಯಂತ್ರ ಪೆಟ್ಟಿಗೆಗೆ. ಮಾಸ್ಟ್ರು ಪರಮೇಶ್ವರಿಯಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ, ಊಟದ ಕೋಣೆಯನ್ನು ತಾವೇ ಕುಕ್ಕರುಗಾಲಿನಲ್ಲಿ ಕೂತು ಕಳ್ಳತನದಿಂದ ಒರೆಸತೊಡಗಿದರು. ಬಚ್ಚಲಿನಲ್ಲಿ ಚೊಂಬಿನ ಸದ್ದು ನಿಲ್ಲುವಾಗ ಅವರು ಜಗಲಿಯಲ್ಲಿ ಪೇಪರನ್ನು ತಲೆಕೆಳಗಾಗಿ ಹಿಡಿದುಕೊಂಡಿರುತ್ತಿದ್ದರು.

ಹೀಗೇ ಎಷ್ಟು ಕಾಲ ನಡೆಯುತ್ತಿತ್ತೋ, ಒಂದು ದಿನ ರುಕ್ಮಯ್ಯ ಪೇಪರಿಗೆಂದು ಬಂದವರು ಒಳಗೆ ಇಣುಕಿದರು. ಯಂತ್ರ ಕಪ್ಪು ಕಲ್ಲಿನ ಹತ್ತಿರ ಬಂದು ನಿಂತು, ಯೋಚಿಸಿ, ಬೆನ್ನು ತೋರಿಸದೆ ಹಿಂದಕ್ಕೆ ಸರಿಯಿತು. ರುಕ್ಮಯ್ಯ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಮಾಸ್ಟ್ರೇ. ಅಲ್ಲಿ ಎಂತದೋ ಉಂಟು.”

“ಎಲ್ಲಿ?”

“ಆ ಕೋಣೆಯಲ್ಲಿ. ಗುಡಿಯಿಂದ ಹೊರಗೆ ಬರುವವರು ದೇವರಿಗೆ ಬೆನ್ನು ಹಾಕದೆ ಹಾಗೆ ಹಿಂದೆ ಹಿಂದೆ ಬರುವುದು. ಜೀವ ಇಲ್ಲದ ವಸ್ತುವಿಗೆ ಗೊತ್ತಾಗಿದೆ, ನಮಗೆ ಗೊತ್ತಾಗಲಿಲ್ಲ ನೋಡಿ.”

ದೆವ್ವ ಇಲ್ಲ, ಭೂತ ಇಲ್ಲ, ಬೆಳಕು ನೇರವಾಗಿ ಚಲಿಸುತ್ತದೆ ಎಂದು ಮೂವತ್ತು ವರ್ಷ ಹೇಳಿದ ನಾಲಗೆ ಉತ್ತರಕ್ಕೆ ಎದ್ದು ನಿಂತಿತು. ಅಷ್ಟರಲ್ಲಿ ಪರಮೇಶ್ವರಿಯಮ್ಮ ತಲೆಗೆ ಟವೆಲು ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು. ಸತ್ಯ ಹೇಳಿದರೆ ಊಟದ ಕೋಣೆ ಬಾಕಿ ಎಂದು ಒಪ್ಪಿಕೊಂಡ ಹಾಗೆ; ಅಲ್ಲಿ ಎಂತದೋ ಇದ್ದರೆ ತಪ್ಪು ಯಂತ್ರದ್ದಲ್ಲ. ಮಾಸ್ಟ್ರು ಒಮ್ಮೆ ಯಂತ್ರವನ್ನು ನೋಡಿದರು, ಒಮ್ಮೆ ಪೇಪರನ್ನು ನೋಡಿದರು.

“ನನಗೂ ಹಾಗೇ ಒಂದು ಸಂಶಯ,” ಎಂದರು.

ವಿಜ್ಞಾನ ಆ ಮನೆಯಿಂದ ಹೊರಗೆ ಹೋದದ್ದು ಆ ಕ್ಷಣ. ಸುದ್ದಿ ಹೊರಗೆ ಹೋದದ್ದೂ ಆಗಲೇ.

ಜನ ಬರತೊಡಗಿದರು. ಯಂತ್ರ ಬಂದು, ನಿಂತು, ಸರಿಯುವುದನ್ನು ನೋಡಿ, ಚಾ ಕುಡಿದು, ನೆಲದ ಮೇಲೆ ಹೆಜ್ಜೆ ಮೂಡಿಸಿ ಹೋದರು. ಆ ಹೆಜ್ಜೆಗಳನ್ನು ಒರೆಸಲು ಯಂತ್ರವನ್ನು ಮತ್ತೆ ಬಿಟ್ಟರೆ, ಅದನ್ನು ನೋಡಲು ಮತ್ತಷ್ಟು ಜನ. ಹಿತ್ತಿಲಾಚೆಯ ಜೈನಬಮ್ಮನದು ಇನ್ನೊಂದೇ ಯೋಚನೆ. “ನಮಗೆ ಬಾವಿ ತೋಡ್ಲಿಕ್ಕುಂಟು ಮಾಸ್ಟ್ರೇ. ನೆಲದಡಿಯದ್ದು ಇದಕ್ಕೆ ತಿಳಿಯುವುದಾದರೆ ಒಂದು ಗಳಿಗೆ ನಮ್ಮ ಅಂಗಳಕ್ಕೆ ಕೊಡಿ,” ಎಂದು ಸೆರಗಿನಡಿ ಇಟ್ಟುಕೊಂಡು ಹೋದರು. ಅಂಗಳದ ಮಣ್ಣಿನಲ್ಲಿ ಅದು ಎರಡು ಮಾರು ಹೋಗಿ, ಹೂತು, ಸಹಾಯ ಮಾಡಿ ಎಂದು ಕೂಗಿತು. ಅಲ್ಲೇ ತೋಡಿಸಿದರು. ನೀರು ಬಂತು. ಜೈನಬಮ್ಮನ ಅಂಗಳದಲ್ಲಿ ಚಮಚೆಯಿಂದ ತೋಡಿದರೂ ನೀರು ಬರುತ್ತದೆ ಎಂಬುದು ಆ ದಿನ ಯಾರಿಗೂ ನೆನಪಾಗಲಿಲ್ಲ.

ಚಾರ್ಮಾಡಿಯಿಂದ ಒಬ್ಬರು ಜೀಪಿನಲ್ಲಿ ಬಂದು, ಗೋಣಿಯಲ್ಲಿ ಸುತ್ತಿ ತಂದಿದ್ದ ತಮ್ಮದೇ ಮನೆಯ ಯಂತ್ರವನ್ನು ಇಳಿಸಿದರು. “ನಮ್ಮದು ಎಲ್ಲಿಯೂ ನಿಲ್ಲುವುದೇ ಇಲ್ಲ ಮಾಸ್ಟ್ರೇ, ಎಲ್ಲ ಕೋಣೆಗೂ ನುಗ್ಗುತ್ತದೆ, ಎಲ್ಲ ಒರೆಸುತ್ತದೆ. ಇದಕ್ಕೆ ಎಂತದಾದರೂ ದೋಷ ಇರಬಹುದಾ?”

ಮಾಸ್ಟ್ರಿಗೆ ಹೊಟ್ಟೆ ಉರಿಯಿತು. “ಅದಕ್ಕೆ ಭಕ್ತಿ ಕಡಿಮೆ,” ಎಂದು ಹೇಳಿ ಕಳಿಸಿದರು.

“ಹೀಗೆ ಬಿಟ್ಟರೆ ಆಗಲಿಕ್ಕಿಲ್ಲ,” ಎಂದರು ಪರಮೇಶ್ವರಿಯಮ್ಮ ಒಂದು ದಿನ. “ವಾಮದಪದವಿನ ಜೋಯಿಸರನ್ನು ಕರೆಸಿ ತಾಂಬೂಲ ಪ್ರಶ್ನೆ ಇಡಿಸುವ. ಅಲ್ಲಿ ಎಂತ ಉಂಟು ಅಂತ ವೀಳ್ಯದೆಲೆ ನೋಡಿ ಅವರೇ ಹೇಳಲಿ.”

ಜೋಯಿಸರಿಗೆ ಫೋನು ಮಾಡಿದ್ದು ಅವರೇ. ತುಂಬ ಹೊತ್ತು ಮಾತಾಡಿದರು. ದಾರಿ ಹೇಳುತ್ತಿದ್ದಾಳೆ ಎಂದು ಮಾಸ್ಟ್ರು ಅಂದುಕೊಂಡರು.

ಪ್ರಶ್ನೆಯ ದಿನ ಮನೆ ತುಂಬ ಜನ. ಜೋಯಿಸರು ತೆಳ್ಳಗಿನ ಮನುಷ್ಯ, ಯಾವುದಕ್ಕೂ ಆಶ್ಚರ್ಯಪಡದವರು. ಯಂತ್ರ ನಿಂತು ಸರಿದದ್ದನ್ನು ನೋಡಿ “ಹೂಂ” ಎಂದರು. ಮಾಸ್ಟ್ರು ಕೊಟ್ಟ ವೀಳ್ಯದೆಲೆಗಳನ್ನು ಒಂದೊಂದಾಗಿ ಮಗುಚಿ ನೋಡತೊಡಗಿದರು. ಒಂದೊಂದು ಎಲೆ ಮಗುಚುವಾಗಲೂ ಮಾಸ್ಟ್ರಿಗೆ ತಾವು ಕಲಿಸಿದ ಒಂದೊಂದು ಪಾಠ ಮರೆತುಹೋಗುತ್ತಿತ್ತು. ಗುಂಪಿನಲ್ಲಿ ತಮ್ಮ ಹಳೆಯ ವಿದ್ಯಾರ್ಥಿಗಳು ನಾಲ್ಕು ಮಂದಿ ಕೈ ಮುಗಿದುಕೊಂಡು ನಿಂತದ್ದು ಕಂಡಿತು. ಅಷ್ಟೂ ಜನರಿಗೆ ಅವರು ಬೆಳಕಿನ ಪ್ರತಿಫಲನದಲ್ಲಿ ಪೂರ್ತಿ ಅಂಕ ಕೊಟ್ಟಿದ್ದರು. ತಡೆಯಲಿಕ್ಕಾಗಲಿಲ್ಲ.

“ಸಾಕು!” ಎಂದು ಎದ್ದರು. “ಅಲ್ಲಿ ಎಂತದೂ ಇಲ್ಲ. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ, ಯಂತ್ರಕ್ಕೆ ಹೊಂಡದ ಹಾಗೆ ಕಾಣುತ್ತದೆ, ಅಷ್ಟೆ. ಈಗ ತೋರಿಸ್ತೇನೆ.”

ಹೆಗಲ ಮೇಲಿನ ಬಿಳಿ ಶಾಲು ತೆಗೆದು ಕಪ್ಪು ಕಲ್ಲು ಮುಚ್ಚುವಂತೆ ಹಾಸಿದರು. ಯಂತ್ರವನ್ನು ಬಿಟ್ಟರು. ಅದು ಬಂತು. ಅಂಚಿನಲ್ಲಿ ನಿಲ್ಲಲಿಲ್ಲ. ಶಾಲಿನ ಮೇಲೇರಿ, ಗಂಭೀರವಾಗಿ, ಊಟದ ಕೋಣೆಯ ಒಳಗೆ ನಡೆದೇ ಹೋಯಿತು.

“ಕಂಡಿರಾ?” ಎಂದರು ಮಾಸ್ಟ್ರು, ಹಲವು ವಾರಗಳ ಮೇಲೆ ಮೊದಲ ಸಲ ಎದೆ ಎತ್ತಿ.

“ಕಂಡೆವು ಸ್ವಾಮಿ,” ಎಂದರು ರುಕ್ಮಯ್ಯ, ಕಣ್ಣಲ್ಲಿ ನೀರು. “ದೇವರು ಬರುವ ದಾರಿಗೆ ಮಡಿ ಬಟ್ಟೆ ಹಾಸಿದ ಹಾಗೆ ಹಾಸಿದಿರಿ. ಹಾಸಿದ ಮೇಲೆ ಒಳಗೆ ಹೋಯಿತು. ಇಷ್ಟು ದಿನ ಅದು ಕೇಳುತ್ತಿದ್ದದ್ದು ಅದನ್ನೇ!”

ಹಳೆಯ ವಿದ್ಯಾರ್ಥಿಗಳೂ ತಲೆದೂಗಿದರು. ಒಳಗೆ ಯಂತ್ರ ಮೇಜಿನ ಕಾಲುಗಳ ನಡುವೆ ಸಿಕ್ಕಿಬಿದ್ದು ಸಹಾಯ ಮಾಡಿ ಎಂದು ಕೂಗಿತು. ಇಂಗ್ಲಿಷಿನ ಆ ವಾಕ್ಯಕ್ಕೆ ಹೊರಗಿನವರು ಸಾಲಾಗಿ ಕೈ ಮುಗಿದರು. ಮಾಸ್ಟ್ರು ಇನ್ನೇನೋ ಹೇಳಲು ಬಾಯಿ ತೆರೆದರು; ತೆರೆದ ಬಾಯಿಯನ್ನು ಯಾರೂ ಗಮನಿಸಲಿಲ್ಲ.

ಜೋಯಿಸರು ಕೊನೆಯ ಎಲೆ ಕೆಳಗಿಟ್ಟರು.

“ಇದು ಅನ್ನ ಬಡಿಸುವ ಜಾಗ. ಇದಕ್ಕೆ ಯಂತ್ರ ಆಗುವುದಿಲ್ಲ, ಕೈಯೇ ಆಗಬೇಕು. ಮನೆಯ ಯಜಮಾನ ಬೆಳಿಗ್ಗೆ ಎದ್ದು, ಮಿಂದು, ನೆಲದಲ್ಲಿ ಕೂತು, ತನ್ನ ಕೈಯಿಂದ ಒರೆಸಬೇಕು. ಕೋಲು ಆಗಲಿಕ್ಕಿಲ್ಲ. ಮೂಲೆ ಬಿಡಬಾರದು. ಪೇಪರು ಮುಟ್ಟುವ ಮೊದಲೇ ಆಗಬೇಕು.”

“ಪೇಪರೂ ಎಲೆಯಲ್ಲಿ ಕಾಣುತ್ತದಾ?” ಎಂದು ಮಾಸ್ಟ್ರು ಕೇಳಿದರು.

“ಈ ಎಲೆಯಲ್ಲಿ ತುಂಬ ಸ್ಪಷ್ಟ ಉಂಟು.”

“ಎಷ್ಟು ಕಾಲ ಮಾಡಬೇಕು?”

“ಊಟ ಎಷ್ಟು ಕಾಲ ಮಾಡುತ್ತೀರೋ ಅಷ್ಟು ಕಾಲ.”

ಜನ ಸಮಾಧಾನಪಟ್ಟು ಚಾ ಕುಡಿದು ಚೆದುರಿದರು. ಪರಮೇಶ್ವರಿಯಮ್ಮ ಲೋಟಗಳನ್ನು ಒಟ್ಟು ಮಾಡುತ್ತಿದ್ದರು.

“ಕಪ್ಪು ಕಲ್ಲು ಅದಕ್ಕೆ ಹೊಂಡದ ಹಾಗೆ ಕಾಣುತ್ತದೆ ಅಂತ ಚೈತನ್ಯಾ ನನಗೂ ಅವತ್ತೇ ಹೇಳಿದ್ದಾಳೆ,” ಎಂದರು, ಲೋಟಗಳಿಗೆ ಹೇಳುವ ಹಾಗೆ. “ನಾನು ಮೀಯುವಾಗ ನೀವು ಒರೆಸುವುದೂ ಗೊತ್ತಿತ್ತು. ಚೊಂಬಿನ ಸದ್ದು ಸ್ವಲ್ಪ ಜಾಸ್ತಿ ಹೊತ್ತೇ ಮಾಡ್ತಿದ್ದೆ, ಮುಗಿಸಿಕೊಳ್ಳಲಿ ಪಾಪ ಅಂತ.”

ಮಾಸ್ಟ್ರು ಕಪ್ಪು ಕಲ್ಲಿನ ಮೇಲಿಂದ ಒದ್ದೆ ಶಾಲನ್ನು ಎತ್ತಿಕೊಂಡರು. “ಮತ್ತೆ ಈ ಪ್ರಶ್ನೆ ಯಾಕೆ ಇಡಿಸಿದ್ದು ಮಾರಾಯ್ತಿ? ನೇರ ನನಗೇ ಹೇಳಬಹುದಿತ್ತಲ್ಲ.”

“ನಾನು ಹೇಳಿದರೆ ನೀವು ಒರೆಸ್ತಿರಲಿಲ್ಲ. ಭಾಷಣ ಮಾಡ್ತಿದ್ದಿರಿ.”

“ಹಾಗಾದರೆ ಯಂತ್ರ ಪೆಟ್ಟಿಗೆಗಾ?”

“ಪೆಟ್ಟಿಗೆಗೆ ಯಾಕೆ? ಅದು ಮಾಡುವಷ್ಟು ಅದು ಮಾಡಲಿ. ಇಷ್ಟು ದಿನದಲ್ಲಿ ನಿಮಗೆ ಗುಡಿಸಲಿಕ್ಕೆ, ಕುರ್ಚಿ ಎತ್ತಲಿಕ್ಕೆ, ಬಟ್ಟೆ ಹಿಂಡಲಿಕ್ಕೆ ಕಲಿಸಿದ್ದು ಅದೇ ಅಲ್ವಾ. ನನ್ನಿಂದ ಇಷ್ಟು ವರ್ಷದಲ್ಲಿ ಆಗಲಿಲ್ಲ.”

ಮರುದಿನ ಬೆಳಿಗ್ಗೆ ಮಾಸ್ಟ್ರು ಮಿಂದು, ಕುಕ್ಕರುಗಾಲಿನಲ್ಲಿ ಕೂತು ಊಟದ ಕೋಣೆ ಒರೆಸಿದರು. ಈಗ ಅವಸರವಿರಲಿಲ್ಲ, ಯಾರಿಂದಲೂ ಮುಚ್ಚಿಡಲಿಕ್ಕಿರಲಿಲ್ಲ. ಜಗಲಿಯಲ್ಲಿ ರುಕ್ಮಯ್ಯ ಪೇಪರು ಬಿಡಿಸಿ, ಒಳಗಿರುವವರಿಗೆ ಕೇಳಲಿ ಎಂದು ಸುದ್ದಿಗಳನ್ನು ದೊಡ್ಡದಾಗಿ ಓದುತ್ತಿದ್ದರು. ಮರಣವಾರ್ತೆಗಳನ್ನು ಎರಡೆರಡು ಸಲ ಓದಿದರು.

ಯಂತ್ರ ಕಪ್ಪು ಕಲ್ಲಿನ ತನಕ ಬಂತು. ನಿಂತಿತು. ಹೆಡ್‌ಮಾಸ್ಟ್ರು ಕ್ಲಾಸಿನ ಬಾಗಿಲಲ್ಲಿ ನಿಂತು ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿತು. ಮತ್ತೆ ಹಿಂದೆ ಸರಿದು, ತನ್ನ ಗೂಡಿಗೆ ಹೋಗಿ ಕೂತು, ಮನೆ ಪೂರ್ತಿ ಸ್ವಚ್ಛವಾಯಿತು ಎಂದು ಹೆಂಗಸಿನ ದನಿಯಲ್ಲಿ ಘೋಷಿಸಿತು.

“ಪಾಪ, ಅದಕ್ಕೆ ಸುಸ್ತಾಗಿರಬಹುದು,” ಎಂದರು ಪರಮೇಶ್ವರಿಯಮ್ಮ ಅಡುಗೆಮನೆಯಿಂದ. “ಅದರ ಬಟ್ಟೆಯನ್ನು ಒಮ್ಮೆ ಒಗೆದು ಹಾಕಿಬಿಡಿ.”