ಆ ಹೆಸರಿನವರು ಇಲ್ಲಿಲ್ಲ

ಆಫೀಸಿನ ಇಮೇಲ್ ನಿಂತಾಗ ಮಾತ್ರ ಆ ಫ್ಯಾಕ್ಟರಿಯಲ್ಲಿ ಅಂಬರೀಶನ ಹೆಸರು ಎಲ್ಲರ ಬಾಯಿಗೂ ಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಅವನು ಬರೀ ‘ಸಿಸ್ಟಮ್ ಹುಡುಗ’. ಮೀಸೆ ಬಂದು ಎಷ್ಟೋ ವರ್ಷವಾಗಿದ್ದರೂ ಹುಡುಗನೇ. ಪಿಯುಸಿ ಅರ್ಧಕ್ಕೆ ಬಿಟ್ಟು, ದೊಡ್ಡಬಳ್ಳಾಪುರ ಬಸ್‌ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಪಹಣಿ ಪ್ರಿಂಟ್ ತೆಗೆದುಕೊಡುತ್ತಲೇ ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆ ಎಂದು ಕಲಿತವನು. ಸರ್ಟಿಫಿಕೇಟು ಇಲ್ಲವೆಂದು ಅವನ ಐಡಿ ಕಾರ್ಡಿನ ಮೇಲೆ ‘ಹೆಲ್ಪರ್’ ಎಂದು ಅಚ್ಚು ಹಾಕಿಸಿದ್ದರು. ಕತ್ತಿನಲ್ಲಿ ನೇತಾಡುವ ಆ ಅಕ್ಷರ ಕಂಡಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು.

ಊರಾಚೆಯ ಗಾರ್ಮೆಂಟ್ಸ್ ಫ್ಯಾಕ್ಟರಿ ಅದು. ಕೆಳಗೆ ಕಟಿಂಗ್, ನಡುವೆ ಹೊಲಿಗೆ ಲೈನುಗಳು, ಮೇಲೆ ಫಿನಿಶಿಂಗ್. ತೂಬಗೆರೆ ಕಡೆಯಿಂದೆಲ್ಲ ಹೆಂಗಸರು ವ್ಯಾನುಗಳಲ್ಲಿ ಒತ್ತಿಕೊಂಡು ಬಂದು ಇಳಿಯುತ್ತಿದ್ದರು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸರ್ವರ್ ಇತ್ತು. ಅದನ್ನು ಮೊದಲಿನಿಂದ ನೋಡಿಕೊಂಡು ಬಂದವರು ಆದಿನಾರಾಯಣಪ್ಪ. ಸಂಕ್ರಾಂತಿ ಕಳೆದ ಮೇಲೆ ಅವರು ರಿಟೈರ್ ಆಗಿ ತ್ಯಾಮಗೊಂಡ್ಲಿನ ಮಗಳ ಮನೆಗೆ ಹೊರಟರು. ಹೊರಡುವಾಗ ಹಾರ, ಶಾಲು ಕಂಕುಳಲ್ಲಿ ಇಟ್ಟುಕೊಂಡೇ ಕೋಣೆಗೆ ಬಂದು, “ಲೋ ಅಂಬರೀಶ, ನನ್ನ ಡಬ್ಬೀನ ದಿನಾ ಒಂದ್ಸಲ ತೆಗೆದು ನೋಡ್ತಿರಪ್ಪ. ಮರೀಬೇಡ,” ಎಂದಿದ್ದರು.

“ಹೂಂ ಸಾರ್,” ಎಂದಿದ್ದ ಅಂಬರೀಶ, ಮೊಬೈಲಿನಿಂದ ತಲೆ ಎತ್ತದೆ.

ಅವನಿಗೆ ಮುದುಕನ ಮೇಲೆ ಸಿಟ್ಟಿತ್ತು. ಇಷ್ಟು ವರ್ಷದಲ್ಲಿ ಕೂರಿಸಿಕೊಂಡು ಒಂದು ವಿದ್ಯೆ ಕಲಿಸಲಿಲ್ಲ, ಬರೀ ಟೀ ತರಿಸಿದ ಎಂದು. ಡಬ್ಬಿ ಎಂದರೆ ಅವರ ಮೇಲ್‌ಬಾಕ್ಸು. ಅದನ್ನು ಒಂದೆರಡು ಸಲ ತೆಗೆದು ನೋಡಿದ. ಲಾಟರಿ ಹೊಡೆದಿದೆ, ಸಾಲ ಬೇಕೇ, ಕೂದಲು ಬೆಳೆಯಬೇಕೇ. ಬರೀ ಕಸ. ಮತ್ತೆ ಅದರ ತಂಟೆಗೆ ಹೋಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮ್ಯಾನೇಜರ್ ಶ್ರೀಧರ್ ಕರೆದರು.

“ಏನಪ್ಪಾ, ಬೈಯರ್ ಕಡೆಯಿಂದ ಆಡಿಟ್ ಬರ್ತಾ ಇದೆ. ನಮ್ಮ ಸರ್ವರ್ ಓಎಸ್ ಓಬೀರಾಯನ ಕಾಲದ್ದು ಅಂತ ರಿಪೋರ್ಟ್‌ನಲ್ಲಿ ಬಂದ್ರೆ ಮರ್ಯಾದೆ ಹೋಗುತ್ತೆ. ಹೊಸ ಮೆಷಿನ್ ತರಿಸಿದೀನಿ, ಸಂಡೇ ಬಂದು ಅದ್ರಲ್ಲಿ ಹೊಸದು ಹಾಕ್ಬಿಡು.”

“ಸಾರ್, ಓಎಸ್ ಬದಲಾಯಿಸಿದ್ರೆ ಮೇಲ್ ಸಾಫ್ಟ್‌ವೇರೂ ಬದಲಾಗುತ್ತೆ. ಹಳೇದು ಹೊಸದ್ರಲ್ಲಿ ಬರಲ್ಲ.”

“ಅದೆಲ್ಲ ನಂಗೆ ಹೇಳ್ಬೇಡ. ಮಂಡೇ ಬೆಳಗ್ಗೆ ಮೇಲ್ ಬರ್ಬೇಕು, ಅಷ್ಟೆ.”

ಮನೆಯಲ್ಲಿ ಕೇಳಿದವರಿಗೆ ಅಂಬರೀಶ ಹೀಗೆ ಹೇಳಿದ್ದ: ಸರ್ವರ್ ಅಂದರೆ ಪೋಸ್ಟಾಫೀಸು ಅಂತ ಇಟ್ಟುಕೊಳ್ಳಿ. ಓಎಸ್ ಅದರ ಕಟ್ಟಡ. ಮೇಲ್ ಸಾಫ್ಟ್‌ವೇರ್ ಒಳಗೆ ಕೂತ ಪೋಸ್ಟ್‌ಮಾಸ್ಟರು. ಕಟ್ಟಡ ಕೆಡವಿ ಹೊಸದು ಕಟ್ಟಿದರೆ ಹಳೆಯ ಪೋಸ್ಟ್‌ಮಾಸ್ಟರಿಗೆ ಅಲ್ಲಿ ಕುರ್ಚಿ ಇಲ್ಲ, ಹೊಸಬನನ್ನು ಕೂರಿಸಬೇಕು. ಹಳಬನಿಗೆ ಗೊತ್ತಿದ್ದುದನ್ನೆಲ್ಲ ಹೊಸಬನಿಗೆ ಒಂದೊಂದಾಗಿ ಬರೆದುಕೊಡಬೇಕು.

ಭಾನುವಾರ ಯಾರೂ ಇಲ್ಲದ ಫ್ಯಾಕ್ಟರಿಯಲ್ಲಿ ಅವನು ಅದನ್ನೇ ಮಾಡಿದ. ಆಫೀಸಿನವರ ಹೆಸರು, ಅವರ ಹಳೆಯ ಮೇಲುಗಳು, ಯಾರದ್ದು ಯಾರಿಗೆ ಹೋಗಬೇಕು, ಎಲ್ಲ ಹೊಸ ಮೆಷಿನ್ನಿಗೆ ಸಾಗಿಸಿದ. ಕೊನೆಗೆ ಒಂದು ಮೂಲೆಯ ಫೈಲಿನಲ್ಲಿ ಆದಿನಾರಾಯಣಪ್ಪ ಹಾಕಿದ್ದ ಒಂದೇ ಒಂದು ಸಾಲು ಸಿಕ್ಕಿತು. ಅದರ ಅರ್ಥ ಇಷ್ಟೇ: ಹೆಸರು ಯಾವುದೇ ಇರಲಿ, ನಮ್ಮ ಕಂಪನಿಯ ವಿಳಾಸ ಹೊತ್ತು ಬಂದುದನ್ನೆಲ್ಲ ಒಳಗೆ ಬಿಡು, ನನ್ನ ಡಬ್ಬಿಗೆ ಹಾಕು.

ಅಂಬರೀಶ ಜೋರಾಗಿ ನಕ್ಕ. “ಅದಕ್ಕೇ ಲೋಕದ ಕಸವೆಲ್ಲ ಇಲ್ಲಿ ಬಿದ್ದಿರೋದು! ಏನ್ ಮುದುಕನಪ್ಪಾ ಇವನು!” ಯಾವ ಪಾಠ ಓದಿದರೂ, ಯಾವ ವೀಡಿಯೊ ನೋಡಿದರೂ ಹೀಗೆ ಮಾಡಬೇಡಿ ಎಂದೇ ಹೇಳುತ್ತಾರೆ. ಆ ಸಾಲನ್ನು ಅವನು ಹೊಸಬನಿಗೆ ಬರೆದುಕೊಡಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಒಳಕ್ಕೆ, ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್. ರಿಟೈರಾದ ಆದಿನಾರಾಯಣಪ್ಪನ ಹೆಸರೂ ಪಟ್ಟಿಯಿಂದ ಹೋಯಿತು. ಹಳೆಯ ಮೆಷಿನ್ನಿನ ಡಿಸ್ಕನ್ನು ಅಳಿಸಿ ಗುಜರಿಗೆ ಎತ್ತಿಟ್ಟ. ಸೋಮವಾರ ಬೆಳಗ್ಗೆ ಮೇಲ್ ಬಂತು. ಶ್ರೀಧರ್ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅವತ್ತಿನ ಸಿಟ್ಟು ಅವರ ಮೇಲೆ.

ಯುಗಾದಿ ಕಳೆದ ಮೇಲೆ ಒಂದು ದಿನ ಟೀ ಬ್ರೇಕಿನಲ್ಲಿ ಗಾಜಿನ ಬಾಗಿಲ ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ಫಿನಿಶಿಂಗಿನಲ್ಲಿ ಅಂಗಿಗಳ ದಾರದ ತುದಿ ಕತ್ತರಿಸುವ ಸೊಣ್ಣಮ್ಮ. ಸೆರಗಿನ ತುಂಬ ಬಣ್ಣಬಣ್ಣದ ದಾರದ ಚೂರು ಅಂಟಿತ್ತು.

“ನಮ್ಮ ಮುರಳಿದು ಏನಾದ್ರೂ ಬಂದೈತೇನಪ್ಪಾ?”

“ಯಾವ ಮುರಳಿ?”

“ನನ್ ಮಗ. ಹಬ್ಬಹಬ್ಬಕ್ಕೂ ಬರೀತಾನೆ. ಆದಿನಾರಾಯಣಪ್ಪನೋರು ಓದಿ ಹೇಳೋರು.”

“ಮೇಲ್ ಐಡಿ ಇರೋದು ಆಫೀಸಿನೋರಿಗೆ ಮಾತ್ರ ಕಣಮ್ಮ. ನಿಮಗೆ ಐಡೀನೇ ಇಲ್ಲ. ಹೆಂಗೆ ಬರುತ್ತೆ?”

“ಬರ್ತಿತ್ತಲ್ಲಪ್ಪಾ.”

“ಬರಲ್ಲಮ್ಮ. ಹೋಗಿ, ಟೀ ಆರೋಗುತ್ತೆ.”

ಅವಳು ಹೋದಳು. ಮತ್ತೂ ಒಂದೆರಡು ಸಲ ಬಂದಳು. ಅಂಬರೀಶ ಹೆಡ್‌ಫೋನ್ ಕೂಡ ತೆಗೆಯದೆ ಇಲ್ಲವೆಂದು ಕೈಯಾಡಿಸಿದ.

ಆಮೇಲೆ ಬಂದ ದಿನ ಅವಳು ಬಾಗಿಲ ಹೊರಗೆ ನಿಲ್ಲಲಿಲ್ಲ. ನೇರ ಒಳಗೆ ಬಂದು ನೆಲದ ಮೇಲೆ ಕೂತುಬಿಟ್ಟಳು.

“ನಮ್ಮೆಜಮಾನ್ರಿಗೆ ಸ್ಟ್ರೋಕ್ ಹೊಡೆದೈತಪ್ಪಾ. ಒಂದು ಕಡೆ ಪೂರಾ ಬಿದ್ದೋಗೈತೆ. ಬಾಯಲ್ಲಿ ಬರೋದು ಒಂದೇ, ಮುರಳೀನ ಕರಿ, ಮುರಳೀನ ಕರಿ. ಡಾಕ್ಟ್ರು ಮನೆಗೆ ಕರ್ಕೊಂಡ್ ಹೋಗಿ ಅಂದ್ಬಿಟ್ರು. ಅವನಿಗೆ ಒಂದು ಮಾತು ಮುಟ್ಟಿಸಪ್ಪಾ, ನಿನ್ ಕಾಲಿಗೆ ಬೀಳ್ತೀನಿ.”

“ಏಳಮ್ಮ ಮೇಲೆ. ಫೋನ್ ಮಾಡ್ಬಾರ್ದಾ ಅವನಿಗೆ?”

ಆಗ ಅವಳು ಹೇಳಿದಳು. ಯಾವುದೋ ಜಗಳದಲ್ಲಿ ಮುರಳಿ ಅಪ್ಪನ ಮೇಲೆ ಕೈ ಎತ್ತಿಬಿಟ್ಟಿದ್ದ. ಗಂಡ ಅಪ್ಪಯ್ಯಣ್ಣ, “ನನ್ ಹೆಣ ನೋಡಕ್ಕೂ ಬರಬೇಡ” ಎಂದು ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿ, ಮನೆಯ ಫೋನ್ ನಂಬರನ್ನೂ ಬದಲಾಯಿಸಿದ್ದ. ಮಗ ಯಾವುದೋ ಅರಬರ ದೇಶದಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ. ಅಪ್ಪನ ಕಣ್ಣು ತಪ್ಪಿಸಿ ಅಮ್ಮನನ್ನು ಮುಟ್ಟಲು ಅವನಿಗೆ ಉಳಿದಿದ್ದ ದಾರಿ ಅವಳ ಫ್ಯಾಕ್ಟರಿ ಒಂದೇ.

“ನಂಬರ್ ಕಳ್ಸೋ ಅಂತ ಆದಿನಾರಾಯಣಪ್ಪನೋರ ಕೈಲಿ ಬರೆಸಿದ್ದೆ. ನೀನು ಫೋನಲ್ಲಿ ಅಳ್ತೀಯ, ಅದನ್ನ ಕೇಳ್ಬಿಟ್ಟು ನಂಗೆ ಇಲ್ಲಿ ಕೆಲಸ ಮಾಡಕ್ಕಾಗಲ್ಲ, ಬೇಡ ಅಮ್ಮ ಅಂದ.”

ಅಂಬರೀಶ ತ್ಯಾಮಗೊಂಡ್ಲಿಗೆ ಫೋನ್ ಹಚ್ಚಿದ.

“ಏನೋ ಗುರುವೇ, ಈಗ ನೆನಪಾಯ್ತಾ ಈ ಮುದುಕ?” ಆದಿನಾರಾಯಣಪ್ಪ ನಕ್ಕರು.

“ಸಾರ್, ಫಿನಿಶಿಂಗ್ ಸೊಣ್ಣಮ್ಮಂಗೆ ಮೇಲ್ ಬರ್ತಿತ್ತಾ?”

“ಬರ್ತಿತ್ತಲ್ಲೋ. ಅವಳೊಬ್ಬಳಿಗೇನು, ಎಲ್ಲಾ ಹೆಣ್ಮಕ್ಕಳಿಗೂ. ಟೈಲರ್‌ಗಳಿಗೆ ಒಂದೊಂದು ಐಡಿ ಕೊಡೋಣ ಅಂತ ಕೇಳ್ದೆ. ಅವರಿಗೆ ಯಾರ್ರೀ ಬರೀತಾರೆ ಅಂತ ಆಫೀಸಲ್ಲಿ ನಕ್ರು. ನಾನು ಬಾಯಿ ಮುಚ್ಕೊಂಡು ಬಂದು ಒಂದು ಸಾಲು ಹಾಕ್ದೆ. ನಿಮ್ಮ ಹೆಸರು ಬರೆದು ಮುಂದೆ ನಮ್ಮ ಕಂಪನಿ ವಿಳಾಸ ಹಾಕಿ ಯಾರು ಕಳ್ಸಿದ್ರೂ ನನ್ನ ಹತ್ರ ಬರುತ್ತೆ ಅಂತ ಅವರಿಗೆಲ್ಲ ಹೇಳ್ದೆ. ಯಾರದೋ ಮಗಳ ಕಾಲೇಜ್ ಸೀಟು, ಯಾರದೋ ತಮ್ಮನ ಕಾಗದ. ಕಸದ ಮಧ್ಯದಿಂದ ಹೆಕ್ಕಿ ಟೀ ಬ್ರೇಕಲ್ಲಿ ಓದಿ ಹೇಳ್ತಿದ್ದೆ. ನೀನೇ ಟೀ ತರ್ತಿದ್ಯಲ್ಲೋ ಅವರಿಗೆಲ್ಲ, ಮರ್ತೋಯ್ತಾ?”

ಅಂಬರೀಶ ಕತ್ತಿನಲ್ಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಡಬ್ಬಿ ನೋಡ್ತಿದ್ದೀಯ ತಾನೇ?” ಎಂದರು ಆ ಕಡೆಯಿಂದ. “ಅಂಬರೀಶ? ಆ ಸಾಲು ಐತೆ ತಾನೇ?”

“ಇಲ್ಲ ಸಾರ್. ತೆಗೆದ್ಬಿಟ್ಟೆ.”

ಆದಿನಾರಾಯಣಪ್ಪ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. “ಹೇಳಿ ಕೊಡ್ಬೇಕಾಗಿತ್ತು ನಾನು,” ಎಂದಷ್ಟೇ ಹೇಳಿ ಫೋನ್ ಇಟ್ಟರು.

ಹೊಸ ಪೋಸ್ಟ್‌ಮಾಸ್ಟರು ಗೇಟಿನಿಂದ ಹಿಂದಕ್ಕೆ ಕಳಿಸಿದ್ದು ಯಾರನ್ನು ಎಂಬುದಕ್ಕೆ ಮೆಷಿನ್ನಿನಲ್ಲಿ ಲಾಗ್ ಎಂಬ ದಾಖಲೆ ಉಳಿದಿರುತ್ತದೆ. ಅಂಬರೀಶ ಅದನ್ನು ತೆರೆದು ಸೊಣ್ಣಮ್ಮನ ಹೆಸರು ಹೊಡೆದು ಹುಡುಕಿದ.

ಶಿವರಾತ್ರಿಯ ದಿನ, ಸೊಣ್ಣಮ್ಮನ ಹೆಸರಿಗೆ. ವಾಪಸ್. ಮಾರನೇ ದಿನ, ಅದೇ ಕಡೆಯಿಂದ, ಅದೇ ಹೆಸರಿಗೆ. ವಾಪಸ್.

ಕಳಿಸಿದವನ ವಿಳಾಸದಲ್ಲಿ ಮುರಳಿಯ ಹೆಸರು, ಅದರ ಮುಂದೆ ಅವನು ಕೆಲಸಕ್ಕಿದ್ದ ಕಂಪನಿಯ ಹೆಸರು. ಅದನ್ನು ಹೊಡೆದು ಮತ್ತೆ ಹುಡುಕಿದ. ಯುಗಾದಿಯ ಹಿಂದಿನ ದಿನ ಅವನು ಆದಿನಾರಾಯಣಪ್ಪನ ಹೆಸರಿಗೆ ಬರೆದಿದ್ದ. ವಾಪಸ್. ಯುಗಾದಿಯ ದಿನ ಕೊನೆಯದು. ಆ ಸಾಲಿನ ಮುಂದೆ ಅಂಬರೀಶನ ಕಣ್ಣು ನಿಂತುಹೋಯಿತು. ಇನ್ನು ಯಾವ ಹೆಸರಿಗೆ ಬರೆಯಬೇಕೆಂದು ತೋಚದೆ, ಹೆಸರಿನ ಜಾಗದಲ್ಲಿ ಅವನು ಬರೀ ‘ಅಮ್ಮ’ ಎಂದು ಹಾಕಿದ್ದ. ಅಮ್ಮ, ಆಮೇಲೆ ಕಂಪನಿಯ ವಿಳಾಸ.

ಅದೂ ವಾಪಸ್. ಆಮೇಲೆ ಏನೂ ಇರಲಿಲ್ಲ.

ಏನು ಬರೆದಿದ್ದನೋ ಯಾರಿಗೂ ಗೊತ್ತಾಗುವಂತಿರಲಿಲ್ಲ. ಗೇಟಿನಲ್ಲೇ ತಡೆದದ್ದು ಒಳಗೆ ಬಂದೇ ಇರುವುದಿಲ್ಲ. ಅಂಬರೀಶ ಎದ್ದು ಆ ಮೆಷಿನ್ನಿಗೆ ಜಾಡಿಸಿ ಒದೆಯಬೇಕೆಂದುಕೊಂಡ. ಇಷ್ಟು ದಿನ ಸಿಟ್ಟು ಮಾಡಿಕೊಳ್ಳಲು ಯಾರಾದರೂ ಒಬ್ಬರು ಸಿಗುತ್ತಿದ್ದರು. ಮ್ಯಾನೇಜರು, ಮುದುಕ, ಕತ್ತಿನ ಕಾರ್ಡು. ಈ ಮೆಷಿನ್ ಅವನು ಹೇಳಿದ್ದನ್ನು ಮಾತ್ರ ಮಾಡಿತ್ತು. ಟೈಲರ್‌ಗಳಿಗೆ ಯಾರು ಬರೀತಾರೆ ಎಂದು ನಕ್ಕವರಿಗೂ ಆ ಭಾನುವಾರ ಈ ಕೋಣೆಯಲ್ಲಿ ಕೂತು ನಕ್ಕ ತನಗೂ ಏನು ವ್ಯತ್ಯಾಸವೆಂದು ಅವನಿಗೆ ಗೊತ್ತಾಗಲಿಲ್ಲ.

ಅಲ್ಲೇ ಕೂತು ಬರೆದ. “ಮುರಳಿ ಅಣ್ಣ, ನಿಮ್ಮ ಅಮ್ಮ ಇಲ್ಲೇ ಇದ್ದಾರೆ. ಮೇಲ್ ವಾಪಸ್ ಬಂದಿದ್ದು ನನ್ನ ತಪ್ಪಿನಿಂದ. ನಿಮ್ಮ ಅಪ್ಪನಿಗೆ ತುಂಬಾ ಹುಷಾರಿಲ್ಲ. ನಿಮ್ಮನ್ನೇ ಕೇಳ್ತಿದ್ದಾರೆ. ತಕ್ಷಣ ಹೊರಟು ಬನ್ನಿ.” ತನ್ನ ನಂಬರು ಹಾಕಿ ಕಳಿಸಿದ. ಸೊಣ್ಣಮ್ಮ ಪಕ್ಕದಲ್ಲಿ ನಿಂತು ಸ್ಕ್ರೀನಿಗೆ ಕೈ ಮುಗಿದಳು.

ಕೈ ಇಳಿಸುವುದರೊಳಗೆ ಉತ್ತರ ಬಂತು. ಆ ಕಡೆಯ ಮೆಷಿನ್ನಿನ ಉತ್ತರ. ಇಂಗ್ಲಿಷಿನಲ್ಲಿ ಒಂದು ಸಾಲು. ಆ ಹೆಸರಿನವರು ಇಲ್ಲಿಲ್ಲ.

ಆ ಕಂಪನಿಯ ಫೋನ್ ನಂಬರ್ ಹುಡುಕಿ ಮಾತಾಡಿದ. ಎತ್ತಿದವನು ಯಾರೋ ಹಿಂದಿಯವನು. ಮುರಳಿಯ ಒಪ್ಪಂದ ಯುಗಾದಿಯಾದ ಮರುವಾರವೇ ಮುಗಿದಿತ್ತಂತೆ. ಊರಿಗೆ ಟಿಕೆಟ್ ತೆಗೆದುಕೊಟ್ಟಿದ್ದರಂತೆ. ಊರಲ್ಲಿ ನನ್ನವರು ಅನ್ನೋರು ಯಾರೂ ಉಳಿದಿಲ್ಲ ಎಂದು ಹೇಳಿ, ಟಿಕೆಟ್ ಅಲ್ಲೇ ಬಿಟ್ಟು, ಬೇರೆ ಯಾವುದೋ ಗುಂಪಿನ ಜೊತೆ ಬೇರೆ ದೇಶಕ್ಕೆ ಹೊರಟುಹೋದನಂತೆ. ಎಲ್ಲಿಗೆ ಎಂದು ಗೊತ್ತಿಲ್ಲ.

ಅಂಬರೀಶ ಫೋನ್ ಇಟ್ಟು ಅವಳಿಗೆ ಎಲ್ಲ ಹೇಳಿದ. ಮುಚ್ಚಿಡುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. ತಾನು ತೆಗೆದ ಸಾಲಿನಿಂದ ಹಿಡಿದು ಹಿಂದಿಯವನ ಮಾತಿನವರೆಗೆ ಹೇಳಿದ. ಅವಳು ಬೈಯುತ್ತಾಳೆಂದು, ಮಣ್ಣು ತೂರಿ ಶಾಪ ಹಾಕುತ್ತಾಳೆಂದು ಕಾದ.

“ನಿಮ್ಮ ಮಿಷನ್ನು ಅವನಿಗೆ ಏನಂತ ಹೇಳ್ತಪ್ಪಾ?” ಎಂದು ಕೇಳಿದಳು.

“ಈ ಹೆಸರಿನೋರು ಇಲ್ಲಿಲ್ಲ ಅಂತ.”

“ಎಲ್ಲಾ ಸಲಾನೂ?”

“ಹೂಂ.”

“ಇದ್ದೆನಲ್ಲಪ್ಪಾ,” ಎಂದಳು ಸೊಣ್ಣಮ್ಮ. “ಶಿವರಾತ್ರಿ ದಿನಾನೂ ಓಟಿ ಮಾಡ್ತಿದ್ದೆ. ಇಲ್ಲೇ ಮೇಲ್ಗಡೆ ಇದ್ದೆ. ಒಂದ್ ಕೂಗು ಹಾಕಿದ್ರೆ ಕೇಳಿಸ್ತಿತ್ತು.”

ಅಪ್ಪಯ್ಯಣ್ಣ ಆ ವಾರ ದಾಟಲಿಲ್ಲ. ಬಾಯಿಗೆ ನೀರು ಬಿಟ್ಟಿದ್ದು ಅಣ್ಣನ ಮಗ ನವೀನ್‌ಕುಮಾರ್. ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಸಮಾಧಿಗೆ ಹಾಲು ತುಪ್ಪ ಬಿಡುವ ದಿನ ಅಂಬರೀಶ ಹೋಗಿ ಬೇಲಿಯ ಹತ್ತಿರ ನಿಂತ. ಯಾರೋ, “ಮಗ ಬರಲಿಲ್ವಾ? ಕಲ್ಲೆದೆ ನನ್ ಮಗನದು,” ಎಂದು ಕ್ಯಾಕರಿಸಿ ಉಗಿದರು. ಆತನ ಕೊರಳಪಟ್ಟಿ ಹಿಡಿಯಲು ಅಂಬರೀಶನ ಕೈ ಮುಂದೆ ಹೋಯಿತು. ಸೊಣ್ಣಮ್ಮ ದೂರದಿಂದಲೇ ನೋಡಿ ತಲೆಯಾಡಿಸಿ ಬೇಡವೆಂದಳು. ಅವನ ಗುಟ್ಟನ್ನು ಅವಳು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅದು ಅವನಿಗೆ ಉಗಿತಕ್ಕಿಂತ ಹೆಚ್ಚಾಗಿ ತಾಗಿತು.

ಮಾರನೇ ದಿನ ಅವನು ಆ ಸಾಲನ್ನು ಹೊಸ ಮೆಷಿನ್ನಿಗೆ ಬರೆದ. ಶ್ರೀಧರ್ ಅವರನ್ನು ಕೇಳಲಿಲ್ಲ. ಹೆಸರು ಯಾವುದೇ ಇರಲಿ, ಒಳಗೆ ಬಿಡು, ನನ್ನ ಡಬ್ಬಿಗೆ ಹಾಕು. ಸಂಜೆಯೊಳಗೆ ಅವನ ಡಬ್ಬಿ ತುಂಬಿಹೋಯಿತು.

ಕೆಲಸಕ್ಕೆ ಮರಳಿದ ದಿನ ಸೊಣ್ಣಮ್ಮ ಟೀ ಬ್ರೇಕಿಗೆ ಬಂದು ಗಾಜಿನ ಹೊರಗೆ ನಿಂತಳು. ಕುಂಕುಮವಿಲ್ಲದ ಹಣೆ, ಸೆರಗಿನಲ್ಲಿ ಅದೇ ದಾರದ ಚೂರು. ಅಂಬರೀಶ ಎದ್ದು ಹೋಗಿ ಬಾಗಿಲು ತೆಗೆದು, ತನ್ನ ಕುರ್ಚಿ ಎಳೆದುಕೊಟ್ಟ. ತಾನು ಹೋಗಿ ಅವಳಿಗೆ ಟೀ ತಂದ. ಆಮೇಲೆ ಪಕ್ಕದಲ್ಲಿ ನಿಂತು ಒಂದೊಂದೇ ತೆಗೆದು ನೋಡತೊಡಗಿದ.

“ಇದು?”

“ಲಾಟರಿದು ಅಮ್ಮ.”

“ಇದು?”

“ಯಾರೋ ಸಾಲ ಕೊಡ್ತಾರಂತೆ.”

“ಅವನಲ್ಲ ಬಿಡು,” ಎಂದಳು ಸೊಣ್ಣಮ್ಮ. ಲೋಟ ಕೈಯಲ್ಲೇ ಇತ್ತು, ಕುಡಿದಿರಲಿಲ್ಲ. “ಮುಂದಿನದು ನೋಡಪ್ಪಾ.”

ಅವನು ಮುಂದಿನದನ್ನು ತೆಗೆದ.