ಚೆನ್ನಾಗಿ ವಿಚಾರಿಸ್ಕೊ

ಸುಬೇದಾರ್ ಗಂಗಹನುಮಯ್ಯನವರು ಎಪ್ಪತ್ತೊಂದರ ಯುದ್ಧ ನೋಡಿ, ಪಿಂಚಣಿ ಪಡೆದು ಗುಬ್ಬಿಗೆ ಬಂದಾಗ ಜನ ಹೊತ್ತು ಮೆರೆಸಿದರು. ನೆಟ್ಟಗಿನ ನಡಿಗೆ, ಇಸ್ತ್ರಿ ಮುರಿಯದ ಅಂಗಿ, ಕಡಿಮೆ ಮಾತು. ಇಂಥವರು ರಾಜಕೀಯಕ್ಕೆ ಬಂದರೆ ದೇಶ ಉದ್ಧಾರವಾಗುತ್ತದೆ ಎಂದು ಹೋಟೆಲಿನಲ್ಲಿ ಕೂತವರೆಲ್ಲ ತೀರ್ಪು ಕೊಟ್ಟರು. ದೇಶದ ಕಥೆ ಹಾಗಿರಲಿ, ಸುಬೇದಾರರು ಎಪ್ಪತ್ತೆಂಟರಲ್ಲಿ ತಾಲ್ಲೂಕು ಬೋರ್ಡಿಗೆ ಬಂದರು, ಎಂಬತ್ತಮೂರರಲ್ಲಿ ಎಮ್ಮೆಲ್ಲೆ ಆದರು.

ಮೊದಲ ಚುನಾವಣೆಯಲ್ಲೇ ಒಂದು ಮಾತು ಕೆಟ್ಟಿತು. ಸಭೆಯಲ್ಲಿ ಎದುರು ಪಕ್ಷದವನೊಬ್ಬ ಕೂಗಾಡಿದ. ಸುಬೇದಾರರು ತಮ್ಮ ಬಲಗೈ ಬಂಟ ಷಡಕ್ಷರಿಗೆ, "ಅವನನ್ನ ಸ್ವಲ್ಪ ವಿಚಾರಿಸ್ಕೊಳ್ಳಪ್ಪ" ಎಂದರು. ಕೂರಿಸಿ ಕಾಫಿ ಕೊಡು ಎಂದೇ ಅವರ ಮನಸ್ಸಿನಲ್ಲಿದ್ದದ್ದು. ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿದ ಸಿಪಾಯಿ ಯಲ್ಲಯ್ಯನನ್ನು ಹೆಗಲ ಮೇಲೆ ಹೊತ್ತು ತಂದು, "ನಮ್ಮ ಕಡೆ ಹುಡುಗ, ಚೆನ್ನಾಗಿ ವಿಚಾರಿಸ್ಕೊಳ್ರಪ್ಪ" ಎಂದು ಜೊತೆಯವರಿಗೆ ಒಪ್ಪಿಸಿದ್ದೂ ಇದೇ ಮಾತಿನಲ್ಲಿ. ಷಡಕ್ಷರಿ ಮಾತ್ರ ಆ ಮಾತಿನ ಇನ್ನೊಂದು ಅರ್ಥ ಹಿಡಿದ. ಕೂಗಾಡಿದವನ ಹಲ್ಲು ಉದುರಿದವು.

ಸುಬೇದಾರರು ಷಡಕ್ಷರಿಯನ್ನು ಗದರಿಸಬೇಕಿತ್ತು. ಗದರಿಸಲಿಲ್ಲ. ಸಭೆಗಳಲ್ಲಿ ಗಲಾಟೆ ನಿಂತದ್ದು ಅವರಿಗೆ ಹಿತವಾಗಿತ್ತು. ಯಾರಾದರೂ ಕೇಳಿದರೆ "ನಾನು ಉಪಚಾರ ಮಾಡು ಅಂದಿದ್ದೆ" ಎನ್ನುವ ಅನುಕೂಲ ಬೇರೆ. ಬರಬರುತ್ತಾ ಬೇಕೆಂದೇ ಆ ಮಾತು ಆಡತೊಡಗಿದರು. ಮನೆಗೆ ನೆಂಟರು ಬಂದಾಗ ಮಾತ್ರ, "ಇವರಿಗೆ ಊಟ ಹಾಕ್ಸು" ಎಂದು ಬಿಡಿಸಿ ಹೇಳುತ್ತಿದ್ದರು.

ಎಂಬತ್ತಾರರ ಒಂದು ಬೆಳಿಗ್ಗೆ ತುಮಕೂರಿನ ಅವರ ಕಚೇರಿಯ ಗೇಟಿನ ಬಳಿ ಒಬ್ಬ ಕುಂಟ ಕೂಗಾಡುತ್ತಿದ್ದ.

"ಮಿಲಿಟರಿ ಕೋಟಾದಾಗೆ ಕೊಟ್ಟ ಜಮೀನು ಸಾಮಿ! ನಿಮ್ಮ ಕಡೆಯೋರೇ ಬೇಲಿ ಹಾಕವ್ರೆ!"

ಸುಬೇದಾರರ ಜೀಪು ಆಗಲೇ ಹೊರಟಿತ್ತು, ಮಂತ್ರಿಗಳು ಕಾಯುತ್ತಿದ್ದರು. ಕುಂಟನ ಮುಖ ನೋಡಿದರೆ ಕೊತ್ತಗೆರೆಯ ಯಲ್ಲಯ್ಯ! ಎಷ್ಟು ವರ್ಷವಾಯಿತು! ಅವರ ಕಣ್ಣು ತುಂಬಿ ಬಂತು. ಹಳೆಯ ಮುಖ ಕಂಡ ಸಂತೋಷದಲ್ಲಿ ಹಳೆಯ ಮಾತೇ ಬಾಯಿಗೆ ಬಂತು. ಜೀಪಿನಿಂದ ತಲೆ ಹೊರಹಾಕಿ, "ಷಡಕ್ಷರೀ, ಅವನನ್ನ ಚೆನ್ನಾಗಿ ವಿಚಾರಿಸ್ಕೊ!" ಎಂದು ಕೂಗಿದರು. ದಾರಿಯುದ್ದಕ್ಕೂ ಸಂಜೆ ಯಲ್ಲಯ್ಯನ ಜೊತೆ ಕೂತು ಊಟ ಮಾಡುವುದನ್ನೇ ನೆನೆಯುತ್ತಿದ್ದರು. ಆ ಬೇಲಿಯನ್ನು ತಾವೇ ನಿಂತು ಕೀಳಿಸಬೇಕು ಅಂದುಕೊಂಡರು.

ಸಂಜೆ ಬಂದವರೇ, "ಎಲ್ಲೋ ಅವನು? ಊಟ ಮಾಡಿದ್ನಾ?" ಎಂದರು.

"ಯಾರು ಸಾ?"

"ಬೆಳಿಗ್ಗೆ ಬಂದಿದ್ನಲ್ಲ, ಯಲ್ಲಯ್ಯ ಕಣೋ."

"ಆ ಕುಂಟನಾ?" ಷಡಕ್ಷರಿ ನಕ್ಕ. "ಚೆನ್ನಾಗಿ ಅಂದ್ರಲ್ಲ ಸಾ. ಅಂತರಸನಹಳ್ಳಿ ಶೆಡ್ಡಿಗೆ ಎತ್ತಾಕ್ಕೊಂಡೋಗಿ ಚೆನ್ನಾಗೇ ವಿಚಾರಿಸ್ಕೊಂಡ್ವಿ."

ಶೆಡ್ಡಿನ ಬಳಿ ಬಿದ್ದಿದ್ದವನನ್ನು ಯಾರೋ ಆಸ್ಪತ್ರೆಗೆ ಸೇರಿಸಿದ್ದರು. ಸುಬೇದಾರರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊದಿಕೆಯ ಹೊರಗೆ ಚಾಚಿದ್ದ ಆ ಸೊಟ್ಟ ಕಾಲನ್ನು ನೋಡಿ ಅವರಿಗೆ ತಮ್ಮ ಮೇಲೇ ಹೇಸಿಗೆ ಬಂತು.

ಮರುದಿನ ಯಲ್ಲಯ್ಯನ ಹೆಂಡತಿ ರಂಗಮ್ಮ ಕುಣಿಗಲ್ ಬಸ್ಸಿನಲ್ಲಿ ಬಂದಳು. ಶವಾಗಾರದ ಮುಂದೆ ಸುಬೇದಾರರು, ಅವರ ಹಿಂದೆ ಷಡಕ್ಷರಿ. ಯಾರು ಹೊಡೆದರೋ ಅವಳಿಗೆ ಗೊತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಸುಬೇದಾರರು ರಾತ್ರಿಯೆಲ್ಲ ಗಟ್ಟಿ ಮಾಡಿಕೊಂಡಿದ್ದರು.

"ನಿಮ್ಮೆಸ್ರು ಹೇಳ್ಕೊಂಡೇ ಬದುಕಿದ್ರು ಸಾಮಿ," ಎಂದಳು ರಂಗಮ್ಮ. "ಹೆಗಲ ಮ್ಯಾಲೆ ಹೊತ್ಕೊಂಡ್ ಬಂದು ಚೆನ್ನಾಗಿ ವಿಚಾರಿಸ್ಕೊಳ್ರಪ್ಪ ಅಂದ್ರಂತಲ್ಲ, ಬಂದೋರ್ಗೆಲ್ಲ ಅದ್ನೇ ಹೇಳೋರು. ಇನ್ ನಂಗ್ಯಾರವ್ರೆ? ನನ್ನೂ ಹಂಗೇ ವಿಚಾರಿಸ್ಕೊಳ್ಳಿ ಸಾಮಿ." ಬಗ್ಗಿ ಅವರ ಕಾಲಿಗೆ ಕೈ ಚಾಚಿದಳು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಷಡಕ್ಷರಿ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಬಂದ.

"ಮುಟ್ಟಬೇಡ!" ಸುಬೇದಾರರು ಚೀರಿದರು.

ರಂಗಮ್ಮ ತನಗೇ ಹೇಳಿದರೆಂದು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ನಿನಗಲ್ಲ ತಾಯಿ ಎನ್ನಲು ಸುಬೇದಾರರಿಗೆ ಬಾಯಿ ಬರಲಿಲ್ಲ. ಹಾಗೆಂದರೆ, ಮತ್ತೆ ಯಾರಿಗೆ ಎಂದು ಅವಳು ಕೇಳುತ್ತಿದ್ದಳು.