ಅಡ್ಡ ಬಂದ ನಾಯಿ

ದೂಜ ಬೈಕಿನಿಂದ ಬಿದ್ದಾಗ ಅಲ್ಲಿ ನಾಯಿ ಇರಲಿಲ್ಲ. ನಾಯಿ ಬಂದದ್ದು ಆಮೇಲೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದೆಲ್ಲ ಈ ಹಿಂದುಮುಂದಿನಿಂದಲೇ ಆಯಿತು.

ದೂಜ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಕಾಪು ಕಡೆಯಿಂದ ಮೀಸೆ ಮೂಡುವ ಮೊದಲೇ ಮುಂಬೈಗೆ ಬಂದವನಿಗೆ ಈಗ ಐವತ್ತೈದು ದಾಟಿತ್ತು. ದಾದರಿನ ಚಾಳೊಂದರ ಎರಡನೇ ಮಹಡಿಯಲ್ಲಿ ಹೆಂಡತಿ ಚಂಪಾ ಮತ್ತು ಮಗಳು ಶ್ರಾವ್ಯಾ ಜೊತೆ ಸಂಸಾರ. ಕೆಲಸಕ್ಕೆ ಹೋಗಿಬರುವುದು ಲೋಕಲ್‌ನಲ್ಲಿ. ಬೈಕು ಇದ್ದದ್ದು ಭಾನುವಾರಕ್ಕೆ ಮಾತ್ರ. ಆರು ದಿನ ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಈ ಬೈಕನ್ನು ಮಾರಿಬಿಡಿ ಎಂದು ಚಂಪಾ ಒಂದು ವರ್ಷದಿಂದ ಹೇಳುತ್ತಿದ್ದಳು. ವಯಸ್ಸಾಯಿತು, ಕಣ್ಣು ಮೊದಲಿನ ಹಾಗಿಲ್ಲ, ಈ ಊರಿನ ರಸ್ತೆ ಎಂಥದ್ದೆಂದು ನೋಡಿದ್ದೀರಲ್ಲ ಎನ್ನುವುದು ಅವಳ ವಾದ. ತಾನು ಇಲ್ಲಿಯವರೆಗೆ ಒಮ್ಮೆಯೂ ಬಿದ್ದಿಲ್ಲ ಎನ್ನುವುದು ದೂಜನ ವಾದ. ಅದೊಂದನ್ನು ಬಿಟ್ಟರೆ ಅವನ ಬಳಿ ಬೇರೆ ವಾದವಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅವನು ಬಾಂದ್ರಾದಲ್ಲಿರುವ ತಂಗಿಯ ಮನೆಗೆ ಹೊರಟಿದ್ದ. ಚಂಪಾ ನಾದಿನಿಗೆಂದು ಮಾಡಿಕೊಟ್ಟ ಬಂಗುಡೆ ಮೀನಿನ ಗಸಿ ಸ್ಟೀಲಿನ ಡಬ್ಬಿಯೊಳಗೆ, ಡಬ್ಬಿ ಚೀಲದೊಳಗೆ, ಚೀಲ ಹ್ಯಾಂಡಲಿನಲ್ಲಿ. ಬಾಂದ್ರಾ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಬಿಲ್ಡಿಂಗನ್ನು ಕೆಡವುತ್ತಿದ್ದರು. ಅಲ್ಲಿಂದ ಹೊರಟ ಯಾವುದೋ ಟೆಂಪೋ ತಿರುವಿನಲ್ಲಿ ಒಂದಿಷ್ಟು ಜಲ್ಲಿ, ಒಡೆದ ಟೈಲ್ಸಿನ ಚೂರು, ಸಿಮೆಂಟಿನ ಹುಡಿ ಚೆಲ್ಲಿ ಹೋಗಿತ್ತು. ದೂಜನಿಗೆ ಅದು ಕಂಡದ್ದು ಮುಂದಿನ ಚಕ್ರ ಅದರ ಮೇಲೆ ಹೋದ ಮೇಲೆ. ಬ್ರೇಕು ಹಿಡಿದ. ಹಿಡಿಯಬಾರದಿತ್ತು. ಬೈಕು ಅಷ್ಟೇನೂ ಅವಸರವಿಲ್ಲದೆ ಎಡಕ್ಕೆ ಮಲಗಿತು. ದೂಜನೂ ಅದರ ಜೊತೆ ಮಲಗಿದ.

ಹತ್ತಿರದಲ್ಲಿದ್ದವರು ಬಂದರು. ಒಬ್ಬ ಬೈಕನ್ನು ಎತ್ತಿದ, ಒಬ್ಬ ಕೀ ತಿರುಗಿಸಿ ಇಂಜಿನ್ ಆರಿಸಿದ. ರಿಕ್ಷಾದವನೊಬ್ಬ ಇಳಿಯದೆಯೇ, "ಆರಾಮ್‌ಸೆ ಚಲಾವ್, ಅಂಕಲ್" ಅಂದು ಹೋದ. ಎಡಮೊಣಕಾಲಿನಲ್ಲಿ ಪ್ಯಾಂಟು ಹರಿದು ಚರ್ಮ ಸುಲಿದಿತ್ತು. ಎಡ ಅಂಗೈ ತರಚಿತ್ತು. ಒಂದು ಕನ್ನಡಿ ಒಡೆದಿತ್ತು. ಆದರೆ ದೂಜನಿಗೆ ನಿಜಕ್ಕೂ ನೋವಾದದ್ದು ಆ 'ಅಂಕಲ್'ನಿಂದ.

ಬೀಳುವಾಗ ಅವನ ಬಾಯಿಂದ "ಅಯ್ಯೋ ದೇವರೇ" ಎಂದು ಹೊರಟಿತ್ತು. ಅದನ್ನು ಕೇಳಿ, ಆ ಬಿಲ್ಡಿಂಗಿನ ಕಲ್ಲುಮಣ್ಣು ಹೊರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಬಂದು, ನಮ್ಮ ಕಡೆಯವರೇನ್ರಿ ಎಂದು ವಿಚಾರಿಸಿದಳು. ಹೆಸರು ಮಲ್ಲವ್ವ, ಊರು ಯಾದಗಿರಿ ಹತ್ತಿರ. ತನ್ನ ಬಾಟಲಿಯ ನೀರು ಹಾಕಿ ಅವನ ಅಂಗೈ ತೊಳೆದಳು. ಕಾಲು ಮಡಚಿ ನೋಡಿರಿ, ಬಿಡಿಸಿ ನೋಡಿರಿ ಎಂದಳು. ದೂಜ ಮಡಚಿದ, ಬಿಡಿಸಿದ. ಏನೂ ಆಗಿಲ್ಲ ಎಂದು ಇಬ್ಬರೂ ಒಪ್ಪಿದರು.

ನಾಯಿ ಬಂದದ್ದು ಆಗ. ಡಬ್ಬಿಯ ಮುಚ್ಚಳ ಹಾರಿ ಗಸಿ ರಸ್ತೆಯಲ್ಲಿ ಹರಡಿತ್ತು. ಗೋಡೆಯ ನೆರಳಿನಿಂದ ಒಂದು ಕಂದು ನಾಯಿ ಕುಂಟುತ್ತ ಬಂದು, ಜಲ್ಲಿಯ ನಡುವಿನಿಂದ ಬಂಗುಡೆಗಳನ್ನು ಒಂದೊಂದಾಗಿ ಆರಿಸಿ ತಿಂದು, ದೂಜನನ್ನೊಮ್ಮೆ ನೋಡಿ ಹೋಯಿತು.

ತಂಗಿಯ ಮನೆಗೆ ಹರಿದ ಪ್ಯಾಂಟಿನಲ್ಲಿ, ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ವಾಪಸು ಹೊರಟ. ಮಾಹಿಮ್ ದಾಟುವಷ್ಟರಲ್ಲಿ ಅವನಿಗೆ ವಿಷಯ ಸ್ಪಷ್ಟವಾಯಿತು. ತಾನಾಗಿ ಬಿದ್ದೆ ಎಂದರೆ ಬೈಕು ಹೋಯಿತು. ಏನೋ ಅಡ್ಡ ಬಂತು ಎಂದರೆ ಅದು ಯಾರಿಗೂ ಆಗಬಹುದಾದದ್ದು. ಹಾಗೆಂದು ಪೂರಾ ಸುಳ್ಳು ಹೇಳುವ ಜಾಯಮಾನ ಅವನದಲ್ಲ. ನಾಯಿ ಇದ್ದದ್ದಂತೂ ಹೌದಲ್ಲ, ಅದನ್ನು ಸ್ವಲ್ಪ ಮುಂದೆ ತಂದರೆ ಸಾಕು ಎನಿಸಿತು.

ಮನೆಯಲ್ಲಿ ಚಂಪಾ ಗಾಯಕ್ಕೆ ಅರಸಿನ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. ನಾಯಿ ಓಡಿ ಬಂತು, ತಪ್ಪಿಸಲು ಹೋದೆ, ಬೈಕು ಜಾರಿತು. ಅವಳು ಹೆಚ್ಚೇನೂ ಅನ್ನಲಿಲ್ಲ, ಪಾಪದ ಪ್ರಾಣಿ ಉಳಿಯಿತಲ್ಲ ಎಂದಳು. ಬೈಕಿನ ಮಾತೇ ಎತ್ತಲಿಲ್ಲ. ಇಷ್ಟು ಸುಲಭ ಎಂದು ಗೊತ್ತಿದ್ದರೆ ಇಡೀ ದಾರಿ ಅಷ್ಟು ಯೋಚಿಸಬೇಕಿರಲಿಲ್ಲ ಎಂದುಕೊಂಡು ದೂಜ ಚಾಪೆಯ ಮೇಲೆ ಕಾಲು ಚಾಚಿದ.

ಅವನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಮಗಳನ್ನು. ಶ್ರಾವ್ಯಾ ದಾದರಿನಲ್ಲೇ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು. ರಜೆಯ ದಿನ ಒಂದಷ್ಟು ಗೆಳತಿಯರ ಜೊತೆ ಬೀದಿನಾಯಿಗಳಿಗೆ ಔಷಧಿ ಹಚ್ಚುತ್ತ ತಿರುಗುವವಳು. ಅವಳು ಸ್ನಾನ ಮುಗಿಸಿ ಬಂದು, ಕೂದಲು ಒರೆಸುತ್ತ ಎಲ್ಲವನ್ನೂ ಅಮ್ಮನಿಂದ ಕೇಳಿ, ಅಪ್ಪನ ಎದುರು ಕೂತಳು.

"ನಾಯಿಗೆ ಏನಾಯ್ತು, ಪಪ್ಪಾ?"

ಏನೂ ಆಗಿಲ್ಲ, ಓಡಿಹೋಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ದೂಜನ ಕಣ್ಣ ಮುಂದೆ ಬಂದದ್ದು ಮೀನು ತಿಂದ ನಾಯಿ. "ಕುಂಟುತ್ತಿತ್ತು" ಎಂದುಬಿಟ್ಟ.

ಮಧ್ಯಾಹ್ನ ಊಟವಾದ ಕೂಡಲೇ ಶ್ರಾವ್ಯಾ ಔಷಧಿಯ ಚೀಲ ಹೆಗಲಿಗೆ ಹಾಕಿ ನಿಂತಳು. ಬೈಕಿನ ಏಟು ಹೊರಗೆ ಕಾಣುವುದಿಲ್ಲ, ಒಳಗೆ ಮೂಳೆ ಮುರಿದಿರಬಹುದು, ಜಾಗ ತೋರಿಸಿ ಎಂದಳು. ನೋವಿದೆ, ನಾಳೆ ನೋಡೋಣ ಎಂದು ದೂಜ ಹೇಳಿನೋಡಿದ. ಹಾಗಾದರೆ ಟ್ರೇನಿನಲ್ಲಿ ಹೋಗೋಣ, ನಿಮಗೆ ಬೈಕು ಓಡಿಸುವುದು ಕಷ್ಟವಾದೀತು ಎಂದಳು ಅವಳು. ಚಂಪಾ ತಲೆಯೆತ್ತಿ ನೋಡಿದಳು. ದೂಜ ಎದ್ದು ಬೈಕಿನ ಕೀ ತೆಗೆದುಕೊಂಡ.

ಬಾಂದ್ರಾ ತಲುಪುವವರೆಗೆ ಅವನು ಒಂದೇ ವಿಷಯ ಬೇಡಿಕೊಂಡದ್ದು, ಆ ಯಾದಗಿರಿಯ ಹೆಂಗಸು ಊಟಕ್ಕೋ ಮಲಗುವುದಕ್ಕೋ ಹೋಗಿರಲಿ ಎಂದು. ಮಲ್ಲವ್ವ ಅದೇ ತಿರುವಿನಲ್ಲಿ, ಅದೇ ಕಲ್ಲಿನ ರಾಶಿಯ ಪಕ್ಕ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ರಸ್ತೆಯ ಮೇಲಿನ ಜಲ್ಲಿಯೂ ಹಾಗೆಯೇ ಇತ್ತು. ಅವಳು ಎದ್ದು ಬಂದು, ಕಾಲು ಹ್ಯಾಂಗ ಐತ್ರಿ ಎಂದು ವಿಚಾರಿಸಿದಳು. ಶ್ರಾವ್ಯಾ ಇವರು ಯಾರೆಂದು ಕೇಳಿದಳು. ಬಿದ್ದಾಗ ನೀರು ಕೊಟ್ಟವರು ಎಂದ ದೂಜ. ಅದು ನಿಜವೇ ಆಗಿತ್ತು.

ಇಲ್ಲಿ ಅವನಿಗೊಂದು ಧೈರ್ಯವಿತ್ತು. ಮನೆಯಲ್ಲಿ ಆಡುವುದು ತುಳು, ಮಗಳು ಉತ್ತರ ಕೊಡುವುದು ಹೆಚ್ಚಾಗಿ ಹಿಂದಿಯಲ್ಲಿ. ಕನ್ನಡ ಅವಳಿಗೆ ಬಾರದು, ಅದರಲ್ಲೂ ಯಾದಗಿರಿ ಕಡೆಯ ಕನ್ನಡ ಸುತರಾಂ ಬಾರದು ಎಂದು ಅವನ ನಂಬಿಕೆ. ಹಾಗಾಗಿ ಮಗಳು ಹಿಂದಿಯಲ್ಲಿ ಕೇಳಿದ್ದನ್ನು ಅವನು ಕನ್ನಡಕ್ಕೆ ತಿರುಗಿಸಿ, ನಾಯಿಯನ್ನು ನೋಡಿದಿರಾ ಎಂದು ವಿಚಾರಿಸಿದ.

"ನಾಯಿ ಎಲ್ಲಿತ್ರಿ ಆವಾಗ?" ಎಂದಳು ಮಲ್ಲವ್ವ. "ನೀವಾ ಖಡಿ ಮ್ಯಾಲ ಜಾರಿ ಬಿದ್ದೀರಿ. ನಾಯಿ ಆಮ್ಯಾಲ ಬಂತು, ಮೀನ ತಿನ್ನಾಕ."

"ಏನಂತೆ?" ಎಂದಳು ಶ್ರಾವ್ಯಾ.

"ನಾಯಿ ಆ ಕಡೆ ಹೋಯಿತಂತೆ" ಎಂದ ದೂಜ.

ಆ ಕಡೆ ನಾಯಿ ಇತ್ತು ಕೂಡ. ಗೋಡೆಯ ಬುಡದಲ್ಲಿ ಮಲಗಿದ್ದದ್ದು ಶ್ರಾವ್ಯಾ ಬಿಚ್ಚಿದ ಬಿಸ್ಕೀಟು ಪೊಟ್ಟಣದ ಸದ್ದಿಗೆ ಎದ್ದು ಮೂರು ಕಾಲಲ್ಲಿ ಬಂತು. ಶ್ರಾವ್ಯಾಳ ಮುಖ ಸಣ್ಣದಾಯಿತು. ಯಾವಾಗಿನಿಂದ ಹೀಗೆ ಎಂದು ಕೇಳಿ ಎಂದಳು. ದೂಜ ಕೇಳಿದ. ದೀಪಾವಳಿಗಿಂತ ಮೊದಲಿಂದನೂ ಹಿಂಗಾ ಕುಂಟತೈತ್ರಿ ಎಂದು ಮಲ್ಲವ್ವ ಹೇಳಿದಳು. ಬೆಳಿಗ್ಗೆಯಿಂದ ಅಂತೆ ಎಂದು ದೂಜ ಮಗಳಿಗೆ ತಿಳಿಸಿದ. ಮಲ್ಲವ್ವ ಅವನ ಮುಖವನ್ನೂ ಹುಡುಗಿಯ ಮುಖವನ್ನೂ ನೋಡಿ, ಮತ್ತೆ ಎಲೆಅಡಿಕೆ ಅಗಿಯತೊಡಗಿದಳು.

ಶ್ರಾವ್ಯಾ ನಾಯಿಯ ಪಂಜ ಎತ್ತಿ ನೋಡಿದಳು. ಬೆರಳಿನ ಸಂದಿಯಲ್ಲಿ ತಂತಿಯ ತುಂಡೊಂದು ಹೊಕ್ಕು, ಸುತ್ತ ಮಾಂಸ ಬೆಳೆದಿತ್ತು. ಚಿಮಟ ತೆಗೆದು, ಪಪ್ಪಾ, ಕತ್ತು ಹಿಡಿಯಿರಿ, ಗಟ್ಟಿಯಾಗಿ ಎಂದಳು. ದೂಜ ಜೀವಮಾನದಲ್ಲಿ ನಾಯಿ ಮುಟ್ಟಿದವನಲ್ಲ. ಆದರೆ ತಾನೇ ಪ್ರಾಣ ಉಳಿಸಿದ ನಾಯಿಯನ್ನು ಮುಟ್ಟುವುದಿಲ್ಲ ಎನ್ನುವುದು ಹೇಗೆ? ನೋಯುತ್ತಿದ್ದ ಮೊಣಕಾಲನ್ನು ಊರಿ ಕೂತು, ದೋಸೆ ಹಿಟ್ಟಿನ ಪಾತ್ರೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದ. ಶ್ರಾವ್ಯಾ ಒಂದೇ ಸಲಕ್ಕೆ ಎಳೆದಳು. ತಂತಿ ಹೊರಗೆ ಬಂತು. ನಾಯಿ ತಿರುಗಿ ದೂಜನ ಬಲಗೈಯನ್ನು ಹೆಬ್ಬೆರಳ ಬುಡದಲ್ಲಿ ಕಚ್ಚಿತು. ಆಮೇಲೆ ನಾಲ್ಕೂ ಕಾಲಲ್ಲಿ ಓಡಿಹೋಯಿತು.

ರಕ್ತ ಇಳಿಯುತ್ತಿತ್ತು. ಬೆಳಿಗ್ಗೆ ಬಿದ್ದಾಗಲೂ ಇಷ್ಟು ಬಂದಿರಲಿಲ್ಲ. ಶ್ರಾವ್ಯಾ ಸೈಟಿನ ನಲ್ಲಿಗೆ ಅವನ ಕೈ ಒಡ್ಡಿ, ಸೋಪು ಹಾಕಿ ಬಹಳ ಹೊತ್ತು ತೊಳೆದಳು. ಇನ್ನು ಆಸ್ಪತ್ರೆ, ಇಂಜೆಕ್ಷನ್, ತಪ್ಪಿಸುವ ಹಾಗಿಲ್ಲ ಎಂದಳು. ಬೈಕಿನ ಹತ್ತಿರ ಬಂದವಳು ನಿಂತು, ಮಲ್ಲವ್ವನ ಕಡೆ ತಿರುಗಿ, ಜಲ್ಲಿಯ ಕಡೆ ಕೈ ತೋರಿಸಿ, ಒಂದೊಂದೇ ಪದ ಹುಡುಕುತ್ತ ಹೇಳಿದಳು:

"ಅಕ್ಕಾ, ಆ ಖಡಿ... ಸ್ವಲ್ಪ ತೆಗೀರಿ. ನಮ್ಮ ಪಪ್ಪಾ ಹಂಗ ಇನ್ನೊಬ್ರು ಬೀಳ್ತಾರ."

ಮಲ್ಲವ್ವ ಪೊರಕೆ ತರಲು ಒಳಗೆ ಹೋದಳು. ದೂಜ ನಿಂತಲ್ಲೇ ನಿಂತಿದ್ದ. ಲ್ಯಾಬಿನಲ್ಲಿ ಶ್ರಾವ್ಯಾಳ ಪಕ್ಕ ಕೂರುವ ಶಿವಕುಮಾರಿ ಕಲಬುರ್ಗಿಯವಳೆಂದೂ, ದಿನವಿಡೀ ಬಾಯಿ ಬಿಡುವುದು ಕನ್ನಡದಲ್ಲೇ ಎಂದೂ ಅವನಿಗೆ ತಿಳಿದದ್ದು ಆಗ, ಮಗಳು ತಾನಾಗಿ ಹೇಳಿದ ಮೇಲೆ. ಅದನ್ನೂ ಅವಳು ಬೈಕಿನ ಸ್ಟ್ಯಾಂಡ್ ತೆಗೆಯುತ್ತ, ಬೇರೇನೋ ವಿಷಯದ ಹಾಗೆ ಹೇಳಿದಳು. ಬಲಗೈಗೆ ಬಟ್ಟೆ ಸುತ್ತಿದವನು ಓಡಿಸುವುದು ಸಾಧ್ಯವಿರಲಿಲ್ಲ. ಅವಳು ಹತ್ತಿ ಕೂತು, ಹಿಂದೆ ಕೂತ್ಕೊಳ್ಳಿ ಎಂದಳು. ದೂಜ ಕೂತ.

ಮುನ್ಸಿಪಲ್ ಆಸ್ಪತ್ರೆಯ ಡಾಕ್ಟರು ಕೈ ನೋಡಿದರು, ಮೊಣಕಾಲು ನೋಡಿದರು, ಕಾಲಿಗೂ ನಾಯಿಯೇ ಕಚ್ಚಿದ್ದೇ ಎಂದು ಕೇಳಿದರು. ಅಲ್ಲ, ಅದು ಬೇರೆ ಎಂದಳು ಶ್ರಾವ್ಯಾ. ಗಾಯದ ಸುತ್ತ ಚುಚ್ಚಿದರು, ತೋಳಿಗೆ ಚುಚ್ಚಿದರು, ಕಾಲಿನ ಗಾಯಕ್ಕೆಂದು ಇನ್ನೊಂದು ಚುಚ್ಚಿದರು. ಮತ್ತೆ ಬರಬೇಕಾದ ದಿನಗಳನ್ನು ಹೇಳಿದರು. ಒಂದಿಷ್ಟು ಹೊತ್ತು ಕೂತು ಹೋಗಿ ಎಂದದ್ದರಿಂದ ಅಪ್ಪ ಮಗಳು ಹೊರಗಿನ ಬೆಂಚಿನಲ್ಲಿ ಕೂತರು. ಎದುರಿನ ಗೋಡೆಯ ಮೇಲೆ ಪಂಖವೊಂದು ತಿರುಗುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು.

"ನಾಯಿ ಅಡ್ಡ ಬರಲಿಲ್ಲ" ಎಂದ ದೂಜ.

"ಗೊತ್ತು ಪಪ್ಪಾ."

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

ಶ್ರಾವ್ಯಾ ಸ್ವಲ್ಪ ಯೋಚಿಸಿದಳು. ನೀವು ಅಷ್ಟು ಕಷ್ಟಪಟ್ಟು ಅನುವಾದ ಮಾಡ್ತಾ ಇದ್ರಿ ಎಂದಳು. ಆಮೇಲೆ, ಕುಂಟುತ್ತಿದ್ದದ್ದಂತೂ ನಿಜ ಅಲ್ವಾ, ಈಗ ಕುಂಟುವುದಿಲ್ಲ ಎಂದಳು. ದೂಜನಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಇಂಜೆಕ್ಷನ್ನಿನ ನೋವು ಎರಡಕ್ಕೂ ಅಡ್ಡವಾಗಿತ್ತು.

ವಾಪಸು ಬರುವಾಗ ಅವನು ಇನ್ನೊಂದು ವಿಷಯ ಗಮನಿಸಿದ. ಮಗಳು ಓಡಿಸುತ್ತಿದ್ದ ರೀತಿ ಹೊಸಬಳದ್ದಲ್ಲ. ತಿರುವಿಗೆ ಮೊದಲೇ ವೇಗ ಇಳಿಸುತ್ತಿದ್ದಳು. ರಸ್ತೆಯ ಮೇಲೆ ಮರಳು ಕಂಡರೆ ಬ್ರೇಕು ಮುಟ್ಟದೆ, ಬೈಕನ್ನು ಓಲಿಸದೆ ನೆಟ್ಟಗೆ ದಾಟಿಸುತ್ತಿದ್ದಳು. ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಈ ಬೈಕು ಒಮ್ಮೆ ಹಟ ಮಾಡುತ್ತದೆ. ಅದು ಮಾಲೀಕನಿಗೆ ಮಾತ್ರ ಗೊತ್ತಿರಬೇಕಾದ ಹಟ. ಅವಳು ಅದನ್ನು ತಿಳಿದವಳ ಹಾಗೆ ಕಾಲನ್ನು ಸ್ವಲ್ಪ ತಡೆದು ಒತ್ತಿದಳು.

"ಎಲ್ಲಿ ಕಲಿತೆ?" ಎಂದು ಅವನು ಹಿಂದಿನಿಂದ ಕೇಳಿದ.

ಮಾಟುಂಗಾದ ಒಂದು ಮೈದಾನದಲ್ಲಿ, ಎರಡು ವರ್ಷದ ಹಿಂದೆ ಎಂದು ಉತ್ತರ ಬಂತು. ಯಾರ ಬೈಕಿನಲ್ಲಿ ಎಂದ. ಇದರಲ್ಲೇ ಎಂದಳು. ನೀವು ಫೋರ್ಟಿಗೆ ಹೋದ ಮೇಲೆ, ನನಗೆ ಎರಡನೇ ಪಾಳಿ ಇರುವ ದಿನ.

ದೂಜ ಆ ಎರಡು ವರ್ಷವನ್ನು ಹಿಂದಕ್ಕೆ ನೋಡಿದ. ಬೈಕು ಮೈಲೇಜು ಕೊಡುವುದಿಲ್ಲ ಎಂದು ಗ್ಯಾರೇಜಿನವನ ಜೊತೆ ಜಗಳ ಮಾಡಿ, ಮಾತು ಬಿಟ್ಟು, ಬೇರೆ ಗ್ಯಾರೇಜು ಹಿಡಿದದ್ದು ನೆನಪಾಯಿತು. ಆ ಮನುಷ್ಯನ ಮುಂದೆ ಈಗ ಏನೆಂದು ನಿಲ್ಲುವುದು ಎಂದು ಸ್ವಲ್ಪ ದೂರ ಯೋಚಿಸಿದ.

"ಮಮ್ಮಿಗೆ ಹೇಳ್ಬೇಡಿ" ಎಂದಳು ಶ್ರಾವ್ಯಾ. "ನಾನೂ ನಿಮ್ಮದು ಹೇಳಲ್ಲ."

ಇದು ನ್ಯಾಯವಾಗಿ ಕಂಡಿತು. ಚಾಳಿನ ಗಲ್ಲಿಯ ಮೂಲೆಯಲ್ಲಿ, ಹೂವಿನವಳ ಅಂಗಡಿಯ ಮರೆಗೆ ಬೈಕು ನಿಲ್ಲಿಸಿ ಇಬ್ಬರೂ ಇಳಿದರು. ಅವಳು ಓಡಿಸಿಕೊಂಡು ಒಳಗೆ ಹೋಗುವ ಹಾಗಿಲ್ಲ, ಅವನಿಗೆ ಓಡಿಸಲು ಆಗುವುದಿಲ್ಲ. ಆದ್ದರಿಂದ ಇಂಜಿನ್ ಆರಿಸಿ, ಅವಳು ಹ್ಯಾಂಡಲು ಹಿಡಿದು, ಅವನು ಎಡಗೈಯಿಂದ ಹಿಂದೆ ತಳ್ಳುತ್ತ ಅಂಗಳಕ್ಕೆ ಬಂದರು. ಚಂಪಾ ಎರಡನೇ ಮಹಡಿಯ ಗ್ಯಾಲರಿಯಲ್ಲಿ ಒಗೆದ ಬಟ್ಟೆ ಎತ್ತುತ್ತ ನಿಂತಿದ್ದಳು. ಅವಳು ಮೊದಲು ನೋಡಿದ್ದು ಗಂಡನ ಕೈಯ ಬಟ್ಟೆಯನ್ನು.

ನಾಯಿ ಕಚ್ಚಿತು ಎಂದು ಶ್ರಾವ್ಯಾ ಕೆಳಗಿನಿಂದಲೇ ತಿಳಿಸಿದಳು. ಇವರು ಉಳಿಸಿದ ನಾಯಿಯೇ ಎಂದು ಚಂಪಾ ಕೇಳಿದಳು. ಅದೇ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಚಂಪಾ ಒಂದು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು. ಪಕ್ಕದ ಖೋಲಿಯ ವೈಶಾಲಿಯಕ್ಕನೂ ಹೊರಗೆ ಬಂದು ಬಗ್ಗಿ ನೋಡಿದರು.

"ತಳ್ಳಿಕೊಂಡು ಯಾಕೆ ಬಂದ್ರಿ?" ಎಂದಳು ಚಂಪಾ.

"ಪೆಟ್ರೋಲ್ ಮುಗಿಯಿತು" ಎಂದ ದೂಜ.

"ನಿನ್ನೆ ತಾನೇ ಶ್ರಾವ್ಯಾ ಹೋಗಿ ಟ್ಯಾಂಕು ತುಂಬಿಸಿ ಬಂದಿದ್ದಾಳಲ್ಲ."

ಮೇಲೆ ವೈಶಾಲಿಯಕ್ಕ ಹೌದೆಂದು ತಲೆಯಾಡಿಸಿದರು. ಕೆಳಗೆ ಶ್ರಾವ್ಯಾ ಬಗ್ಗಿ ಬೈಕಿನ ಸ್ಟ್ಯಾಂಡ್ ಹಾಕಿದಳು. ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ದೂಜ ಟಾರ್ಪಾಲನ್ನು ಒಂದೇ ಕೈಯಲ್ಲಿ ಬಿಡಿಸಲು ನೋಡಿದ. ಆಗಲಿಲ್ಲ. ಮಗಳು ಇನ್ನೊಂದು ತುದಿ ಹಿಡಿದಳು. ಚಹಾ ಇಟ್ಟಿದ್ದೇನೆ, ಇಬ್ಬರೂ ಮೇಲೆ ಬನ್ನಿ ಎಂದು ಹೇಳಿ ಚಂಪಾ ಬಟ್ಟೆಗಳ ಜೊತೆ ಒಳಗೆ ಹೋದಳು.